ಆರು ಪೆಡಲ್‌ಗೆ ಯಾವ ಪವರ್ ಸಪ್ಲೈ ತಗೊಳ್ಳಲಿ? ನಮ್ಮಲ್ಲಿ ಲೋ ವೋಲ್ಟೇಜ್ ಬೇರೆ

ತುಂಗಾದಂಡೆ (ತೀರ್ಥಹಳ್ಳಿ)

ಎಲ್ಲರಿಗೂ ನಮಸ್ಕಾರ. ಗಣಪತಿ ಹಬ್ಬ, ಜಾತ್ರೆ ಅಂತ ರಸಮಂಜರಿ ಕಾರ್ಯಕ್ರಮಗಳಿಗೆ ಗಿಟಾರ್ ನುಡಿಸ್ತೀನಿ. ಪೆಡಲ್ (ಕಾಲಲ್ಲಿ ಒತ್ತಿ ಗಿಟಾರಿನ ಸದ್ದು ಬದಲಾಯಿಸೋ ಡಬ್ಬಿ) ಜೋಡಿಸಿರೋ ಬೋರ್ಡ್ ಮೇಲೆ ಇರೋದು ಇಷ್ಟು: ಸ್ನೇಹಿತ ಕಟ್ಟಿಕೊಟ್ಟ ಜರ್ಮೇನಿಯಂ ಫಜ್ (ಪಿಎನ್‌ಪಿ ಟ್ರಾನ್ಸಿಸ್ಟರ್), ಬಾಸ್ ಟಿಯು-3 ಟ್ಯೂನರ್, ಟ್ಯೂಬ್ ಸ್ಕ್ರೀಮರ್ ಓವರ್‌ಡ್ರೈವ್, ಬಾಸ್ ಡಿಎಸ್-1 ಡಿಸ್ಟಾರ್ಷನ್, ಝೂಮ್ ಎಂಎಸ್-50ಜಿ ಮಲ್ಟಿ ಎಫೆಕ್ಟ್, ಕೊನೆಗೆ ಬಾಸ್ ಡಿಡಿ-8 ಡಿಲೇ. ಫಜ್ ಬ್ಯಾಟರಿಯಲ್ಲಿದೆ. ಉಳಿದ ಐದಕ್ಕೂ 9 ವೋಲ್ಟ್ 1 ಆಂಪಿಯರ್ ಅಡಾಪ್ಟರ್ ಒಂದು, ಅದರಿಂದ ಚೈನ್ ಕೇಬಲ್ (ಒಂದೇ ವೈರಲ್ಲಿ ಸಾಲಾಗಿ ಪಿನ್ನುಗಳು).

ಡಿಎಸ್-1 ಒತ್ತಿದ ತಕ್ಷಣ ಹಿಂದೆ ಸಣ್ಣಗೆ ಕುಯ್ಯ್ ಅನ್ನೋ ಸದ್ದು ಶುರುವಾಗತ್ತೆ. ಕೈ ತಂತಿ ಮೇಲಿದ್ರೂ ಹೋಗಲ್ಲ. ಇನ್ನೊಂದು ತಲೆನೋವು ಅಂದ್ರೆ ನಮ್ಮ ಮನೆ ಲೈನಿನ ಕೊನೇಲಿದೆ. ಸಂಜೆ ಹೊತ್ತಿಗೆ ಸುತ್ತಮುತ್ತ ತೋಟಗಳಿಗೆ ಮೋಟ್ರು ಹಾಕಿದ್ರೆ ವೋಲ್ಟೇಜ್ 170ಕ್ಕೆ ಇಳಿಯತ್ತೆ, ಕೆಲವು ದಿನ ಇನ್ನೂ ಕೆಳಗೆ.

ಆರು ಸಾವಿರದವರೆಗೆ ಹಾಕಬಲ್ಲೆ. ಅಂಗಡೀಲಿ ಹತ್ತು ಔಟ್‌ಪುಟ್ಟಿನ ಡಬ್ಬಿ ಒಂದನ್ನ ತೋರಿಸಿದ್ರು, ಮೇಲೆ 'ಐಸೊಲೇಟೆಡ್' (ಒಂದೊಂದು ಔಟ್‌ಪುಟ್ಟೂ ಬೇರೆಬೇರೆ) ಅಂತ ಬರೆದಿದೆ. ಅಮೆರಿಕದಲ್ಲಿರೋ ನೆಂಟರೊಬ್ಬರು ಊರಿಗೆ ಬರ್ವಾಗ ವೂಡೂ ಲ್ಯಾಬ್ ಪೆಡಲ್ ಪವರ್ 2 ಪ್ಲಸ್ ಅನ್ನೋ ಸಪ್ಲೈ ತರ್ತೀನಿ ಅಂತಿದಾರೆ. ಯಾವುದು ಸರಿ? ಫಜ್‌ಗೂ ಅದರಿಂದಲೇ ಕರೆಂಟು ಕೊಡಬಹುದಾ?

ಜೋಗದ ಬಾಸ್‌ಲೈನ್ (ಸಾಗರ)

ಐದು ಪೆಡಲ್‌ಗೆ ಅಷ್ಟು ದುಡ್ಡು ಸುರಿಯೋದು ಎಂತಕ್ಕೆ ಮಾರಾಯ್ರೆ? ಟ್ರೂಟೋನ್ ಒನ್ ಸ್ಪಾಟ್ ಅಡಾಪ್ಟರ್ ತಗೊಳ್ಳಿ. 1700 ಮಿಲಿಆಂಪಿಯರ್ ಕೊಡತ್ತೆ, 100ರಿಂದ 240 ವೋಲ್ಟ್‌ವರೆಗೆ ಎಷ್ಟು ಬಂದ್ರೂ ನಡೆಯತ್ತೆ. ನನ್ನ ಕಂಪ್ರೆಸರ್, ಓವರ್‌ಡ್ರೈವ್, ಕೋರಸ್ ಮೂರೂ ಅದರ ಚೈನಲ್ಲೇ ಇದಾವೆ. ಒಂದು ಚೂರೂ ಸದ್ದಿಲ್ಲ.

ದುರ್ಗಿಗುಡಿ ಸೋಲ್ಡರ್ (ಶಿವಮೊಗ್ಗ)

ಸಾಗರದವರು ಹೇಳಿದ್ದು ಅವರ ಬೋರ್ಡಿಗೆ ಸರಿ, ಅವರ ಮೂರೂ ಪೆಡಲ್ ಅನಲಾಗ್ ಇರ್ಬೇಕು. ನಿಮ್ಮದರಲ್ಲಿ ಝೂಮ್ ಮತ್ತು ಡಿಡಿ-8 ಡಿಜಿಟಲ್, ಅದೂ ಡಿಸ್ಟಾರ್ಷನ್ ಜೊತೆ ಒಂದೇ ಚೈನಲ್ಲಿ. ನಾನು ಆಂಪ್, ಪೆಡಲ್ ರಿಪೇರಿ ಮಾಡೋನು. 'ಪೆಡಲ್ ಕೆಟ್ಟಿದೆ, ಕುಯ್ಯ್ ಅಂತಿದೆ' ಅಂತ ನನ್ನ ಟೇಬಲ್ಲಿಗೆ ಬರೋದರಲ್ಲಿ ಎಷ್ಟೋ ಪೆಡಲ್‌ಗಳಿಗೆ ಎಂತದೂ ಆಗಿರಲ್ಲ. ಕರೆಂಟು ಕೊಡೋ ರೀತಿ ತಪ್ಪಿರತ್ತೆ.

ಡಿಜಿಟಲ್ ಪೆಡಲ್ ಒಳಗೆ ಪ್ರೊಸೆಸರ್ ಓಡೋಕೆ ಒಂದು ಕ್ಲಾಕ್ ಇರತ್ತೆ, 9 ವೋಲ್ಟನ್ನು 3.3ಕ್ಕೋ 5ಕ್ಕೋ ಇಳಿಸೋ ಸ್ವಿಚಿಂಗ್ ಸರ್ಕ್ಯೂಟ್ ಇರತ್ತೆ. ಎರಡೂ ಕರೆಂಟನ್ನ ತುಂಡುತುಂಡಾಗಿ ಎಳೀತಾವೆ. ಚೈನ್ ಹಾಕಿದಾಗ ಎಲ್ಲಾ ಪೆಡಲ್‌ಗಳ ನೆಗೆಟಿವ್ ಅಡಾಪ್ಟರ್ ವೈರಲ್ಲಿ ಒಂದು ಸಲ ಸೇರತ್ತೆ, ಗಿಟಾರ್ ಕೇಬಲ್ಲಿನ ಶೀಲ್ಡಲ್ಲಿ ಇನ್ನೊಂದು ಸಲ ಸೇರತ್ತೆ. ಅಲ್ಲಿಗೆ ಲೂಪ್ ಆಯ್ತು. ಝೂಮ್ ಎಳೆಯೋ ಗಲೀಜು ಕರೆಂಟು ಆ ಲೂಪಲ್ಲಿ ಸುತ್ತಿ ಡಿಎಸ್-1ರ ಬಾಯಿಗೆ ಬೀಳತ್ತೆ. ಡಿಸ್ಟಾರ್ಷನ್ನಿನ ಕೆಲಸವೇ ಸಣ್ಣದನ್ನ ಸಿಕ್ಕಾಪಟ್ಟೆ ದೊಡ್ಡದು ಮಾಡೋದು. ಅದಕ್ಕೇ ಅದನ್ನ ಒತ್ತಿದಾಗ ಮಾತ್ರ ನಿಮಗೆ ಕೇಳ್ತಿರೋದು.

ದುಡ್ಡು ಹಾಕೋಕೆ ಮುಂಚೆ ಒಂದು ಪರೀಕ್ಷೆ ಮಾಡಿ. ಎಂಎಸ್-50ಜಿ ಎರಡು ಪೆನ್ಸಿಲ್ ಸೆಲ್ಲಲ್ಲೂ ಓಡತ್ತೆ. ಅದನ್ನ ಚೈನಿಂದ ಕಿತ್ತು ಸೆಲ್ ಹಾಕಿ, ಉಳಿದದ್ದನ್ನ ಹಾಗೇ ಬಿಟ್ಟು ಡಿಎಸ್-1 ಒತ್ತಿ. ಸದ್ದು ಹೋದ್ರೆ ಕಳ್ಳ ಸಿಕ್ಕಿದ ಹಾಗೆ. ಹೋಗದಿದ್ರೆ ಡಿಡಿ-8ಕ್ಕೆ 9 ವೋಲ್ಟ್ ಬ್ಯಾಟರಿ ಹಾಕಿ ನೋಡಿ. ಕುಯ್ಯ್ ಅಲ್ಲದೆ ದಪ್ಪಗೆ ಗುಂಯ್ ಅಂತ ಬರ್ತಿದ್ದು, ಗಿಟಾರ್ ಹಿಡಿದು ನೀವು ತಿರುಗಿದ್ರೆ ಅದು ಹೆಚ್ಚುಕಮ್ಮಿ ಆದ್ರೆ ಅದು ಗಿಟಾರಿನ ಸಿಂಗಲ್ ಕಾಯಿಲ್ ಪಿಕಪ್ಪಿನದು (ತಂತಿಯ ಕಂಪನ ಹಿಡಿಯೋ ಸುರುಳಿ). ಎಷ್ಟು ದುಬಾರಿ ಸಪ್ಲೈ ತಂದ್ರೂ ಹೋಗಲ್ಲ.

ಈಗ ಲೆಕ್ಕ. ಟಿಯು-3 ಹೆಚ್ಚಂದ್ರೆ 85, ಟ್ಯೂಬ್ ಸ್ಕ್ರೀಮರ್ ಮತ್ತೆ ಡಿಎಸ್-1 ಸೇರಿ 20, ಡಿಡಿ-8 65, ಝೂಮ್‌ಗೆ 200 ಹಿಡೀರಿ. ಒಟ್ಟು 370 ಮಿಲಿಆಂಪಿಯರ್. ನಿಮ್ಮ 1 ಆಂಪಿಯರ್ ಅಡಾಪ್ಟರಿಗೆ ಇದು ಭಾರವೇ ಅಲ್ಲ. ಆಂಪಿಯರ್ ಜಾಸ್ತಿ ಇದ್ರೆ ಪೆಡಲ್ ಸುಡತ್ತೆ ಅಂತ ಹೆದರೋರು ಇದಾರೆ, ಹಾಗಿಲ್ಲ. ಪೆಡಲ್ ತನಗೆ ಬೇಕಾದಷ್ಟೇ ಎಳ್ಕೊಳ್ಳತ್ತೆ. ಸುಡೋದು ವೋಲ್ಟೇಜ್ ಜಾಸ್ತಿ ಆದ್ರೆ, ಇಲ್ಲಾ ಪ್ಲಸ್ ಮೈನಸ್ ಉಲ್ಟಾ ಆದ್ರೆ. ಮನೆ ವೈಫೈ ರೂಟರಿನ ಅಡಾಪ್ಟರ್ ನೋಡಿ, ಪಿನ್ ಪೆಡಲ್ಲಿಗೆ ಸರಿಯಾಗಿ ಕೂರತ್ತೆ, ಆದರೆ ಅದರ ನಡುವಿನ ತುದಿ ಪ್ಲಸ್. ಪೆಡಲ್‌ಗೆ ನಡುವೆ ಮೈನಸ್ ಬೇಕು. ಎಷ್ಟೋ ಪೆಡಲ್‌ಗಳಲ್ಲಿ ಸಾಕೆಟ್ ಪಕ್ಕ ಒಂದು ಕರಿ ಡಯೋಡ್ ಇರತ್ತೆ, ಉಲ್ಟಾ ಬಂದ್ರೆ ಅದು ಶಾರ್ಟ್ ಆಗಿ ತಾನು ಸತ್ತು ಉಳಿದದ್ದನ್ನ ಕಾಯತ್ತೆ. ಸೀದು ಇಬ್ಭಾಗ ಆದ ಆ ಡಯೋಡನ್ನ ನಾನು ಬದಲಾಯಿಸ್ತಾನೇ ಇರ್ತೀನಿ. ಡಯೋಡ್ ಇಲ್ಲದ ಪೆಡಲ್‌ಗಳಲ್ಲಿ ಐಸಿಯೇ ಹೋಗತ್ತೆ.

ನಿಮ್ಮ ನೆಂಟರಿಗೆ ಬೇಡ ಅಂದುಬಿಡಿ. ಪೆಡಲ್ ಪವರ್ 2 ಪ್ಲಸ್ ಒಳ್ಳೇ ವಸ್ತು, ಎಂಟೂ ಔಟ್‌ಪುಟ್ ನಿಜವಾಗ್ಲೂ ಬೇರೆಬೇರೆ. ಆದ್ರೆ ಅಮೆರಿಕದಲ್ಲಿ ಮಾರೋದರಲ್ಲಿ 120 ವೋಲ್ಟಿಗೆ ಸುತ್ತಿದ ಟ್ರಾನ್ಸ್‌ಫಾರ್ಮರ್ ಇರತ್ತೆ, ನಮ್ಮ 230ಕ್ಕೆ ಹಾಕಿದ್ರೆ ಹೊಗೆ. 230ರದೇ ತರಿಸಿದ್ರೂ ನಿಮ್ಮೂರಿಗೆ ನಾನು ಒಪ್ಪಲ್ಲ. ಆ ಥರದ ಸಪ್ಲೈಯಲ್ಲಿ ಒಳಗೆ ಬಂದ ವೋಲ್ಟೇಜ್ ಇಳಿದಷ್ಟೂ ಟ್ರಾನ್ಸ್‌ಫಾರ್ಮರ್ ಕೊಡೋದೂ ಇಳಿಯತ್ತೆ. ಲೈನ್ ತೀರಾ ಕೆಳಗೆ ಬಂದಾಗ ರೆಗ್ಯುಲೇಟರಿಗೆ 9 ವೋಲ್ಟ್ ಹಿಡಿದಿಡೋಕೆ ಆಗಲ್ಲ, ಗುಂಯ್ ಶುರು, ಡಿಜಿಟಲ್ ಪೆಡಲ್ ಆಫ್ ಆಗಿ ಆನ್ ಆಗೋದೂ ಉಂಟು. ಹೊಳೆಯಾಚೆ ಈಚೆ ಲೈನಿನ ಕೊನೇಲಿರೋ ಮನೆಗಳಿಗೆ ಸ್ವಿಚಿಂಗ್ ಥರದ್ದೇ ಬೇಕು. ಲೇಬಲ್ ಮೇಲೆ '100-240V' ಅಂತ ಇರೋದು ನೋಡ್ಕೊಳ್ಳಿ. 140 ವೋಲ್ಟಿಗೂ ಅದು ಅಲುಗಾಡಲ್ಲ.

ಅಂಗಡಿಯ ಹತ್ತು ಔಟ್‌ಪುಟ್ಟಿನ ಡಬ್ಬಿಗೆ ಮಲ್ಟಿಮೀಟರ್ ತಗೊಂಡು ಹೋಗಿ. ಕರೆಂಟಿಗೆ ಹಾಕದೆ, ಮೀಟರನ್ನು ಬೀಪ್‌ಗೆ ಇಟ್ಟು, ಒಂದು ಸಾಕೆಟ್ಟಿನ ನಡುವಿನ ಪಿನ್ನಿಗೆ ಒಂದು ಕಡ್ಡಿ, ಪಕ್ಕದ್ದರ ನಡುವಿನ ಪಿನ್ನಿಗೆ ಇನ್ನೊಂದು. ಬೀಪ್ ಅಂದ್ರೆ ಎರಡರ ನೆಗೆಟಿವ್ ಒಂದೇ, ಅದು ಡಬ್ಬಿಯಲ್ಲಿ ಕೂತ ಚೈನ್ ಕೇಬಲ್ ಅಷ್ಟೆ. ಮೇಲೆ ಎಂತ ಬರೆದಿದ್ರೂ ನಂಬಬೇಡಿ. ಪರೀಕ್ಷೆ ಮಾಡೋಕೆ ಬಿಡದಿದ್ರೆ ತಗೊಳ್ಳಬೇಡಿ.

ತುಂಗಾದಂಡೆ

ಅಣ್ಣ, ತುಂಬಾ ಥ್ಯಾಂಕ್ಸ್. ಝೂಮ್‌ಗೆ ಸೆಲ್ ಹಾಕಿದೆ, ಕುಯ್ಯ್ ಪೂರ್ತಿ ನಿಂತಿತು. ಡಿಲೇ ಚೈನಲ್ಲೇ ಇದ್ರೂ ಕುಯ್ಯ್ ಇಲ್ಲ. ಅಂಗಡೀಲಿ ಮೀಟರ್ ಇಟ್ಟು ನೋಡಿದೆ, ಯಾವ ಎರಡು ಸಾಕೆಟ್ ಮುಟ್ಟಿದ್ರೂ ಬೀಪ್. ಈಗ ಎಂತ ಮಾಡ್ಲಿ?

ದುರ್ಗಿಗುಡಿ ಸೋಲ್ಡರ್

ಹಾಗಾದ್ರೆ ಆರು ಸಾವಿರ ಬೇಡವೇ ಬೇಡ. ಝೂಮ್‌ಗೆ ಅಂತಲೇ ಇನ್ನೊಂದು 9 ವೋಲ್ಟ್ 500 ಮಿಲಿಆಂಪಿಯರ್ ಅಡಾಪ್ಟರ್ ತಗೊಳ್ಳಿ. ನಡುವೆ ಮೈನಸ್, ಮೇಲೆ '100-240V', ಎರಡು ಪಿನ್ನಿನದು. ಎರಡು ಅಡಾಪ್ಟರುಗಳ ನೆಗೆಟಿವ್ ಒಂದಕ್ಕೊಂದು ಮುಟ್ಟಲ್ಲ, ಲೂಪ್ ಕಡಿಯತ್ತೆ. ಐಸೊಲೇಟೆಡ್ ಡಬ್ಬಿ ಮಾಡೋ ಕೆಲಸವೂ ಅದೇ. ಉಳಿದ ನಾಲ್ಕು ಈಗಿನ ಚೈನಲ್ಲೇ ಇರ್ಲಿ.

ಮುಂದೆ ಡಿಜಿಟಲ್ ಪೆಡಲ್ ಇನ್ನೂ ಒಂದೆರಡು ಸೇರಿಸೋ ಆಸೆ ಇದ್ರೆ ಆಗ ದುಡ್ಡು ಕೂಡಿಟ್ಟು ನಿಜವಾದ ಐಸೊಲೇಟೆಡ್ ತಗೊಳ್ಳಿ. ಸ್ಟ್ರೈಮನ್ ಓಹೈಯಲ್ಲಿ ಐದು ಔಟ್‌ಪುಟ್, ಒಂದೊಂದೂ 500 ಮಿಲಿಆಂಪಿಯರ್. ಡೆನ್ಮಾರ್ಕಿನ ಸಿಯೋಕ್ಸ್ ಡಿಸಿ7ರಲ್ಲಿ ಏಳು, 9 ವೋಲ್ಟಲ್ಲಿ ಒಂದೊಂದೂ 660. ಎರಡೂ ನಿಮ್ಮ ಬಜೆಟ್ಟಿಗಿಂತ ಬಹಳ ಮೇಲೆ, ಆದರೆ ಅವನ್ನ ಮತ್ತೆ ಬದಲಾಯಿಸೋ ಪ್ರಸಂಗ ಬರಲ್ಲ.

ಫಜ್‌ನ ಮಾತು ಬಿಟ್ಟಿದ್ದೆ. ಪಿಎನ್‌ಪಿ ಜರ್ಮೇನಿಯಂ ಫಜ್ ಸಾಮಾನ್ಯವಾಗಿ ಪಾಸಿಟಿವ್ ಗ್ರೌಂಡ್, ಅಂದ್ರೆ ಅದರ ಮೈಗೆ ಪ್ಲಸ್ ಸೇರಿರತ್ತೆ. ಚೈನಿಗೆ ಹಾಕಿದ್ರೆ ಉಳಿದ ಪೆಡಲ್‌ಗಳ ಮೈನಸ್ಸೂ ಇದರ ಪ್ಲಸ್ಸೂ ಗಿಟಾರ್ ಕೇಬಲ್ಲಿನ ಶೀಲ್ಡಲ್ಲಿ ಸೇರಿ ಅಡಾಪ್ಟರ್ ನೇರ ಶಾರ್ಟ್. ಇರೋ ಹಾಗೆ ಬ್ಯಾಟರಿಯಲ್ಲೇ ಬಿಡಿ. ಒಂದು ಮಿಲಿಆಂಪಿಯರ್ರೂ ತಿನ್ನಲ್ಲ, ತಿಂಗಳುಗಟ್ಟಲೆ ಬರತ್ತೆ. ಕಾರ್ಯಕ್ರಮ ಮುಗಿದ ಮೇಲೆ ಇನ್‌ಪುಟ್ ಜ್ಯಾಕ್ ಮಾತ್ರ ಕಿತ್ತಿಡಿ, ಜ್ಯಾಕ್ ಒಳಗಿದ್ದಷ್ಟು ಹೊತ್ತೂ ಅದು ಆನ್ ಇರತ್ತೆ.

ಹೊಸನಗರ ಸೌಂಡ್ಸ್

ತಮ್ಮಾ, ನಾನು ಮೈಕ್ ಸೆಟ್ ಹಾಕೋನು, ನಿನ್ನಂಥ ಗಿಟಾರಿನ ಹುಡುಗರನ್ನ ಬಹಳ ನೋಡಿದೀನಿ. ಪೆಡಲ್ ಸದ್ದಿಗಿಂತ ದೊಡ್ಡ ವಿಷಯ ಒಂದಿದೆ. ಪೆಂಡಾಲಲ್ಲಿ ಗುಂಯ್ ಬಂತು ಅಂತ ಆಂಪಿನ ಮೂರನೇ ಪಿನ್ ಮುರಿಯೋರು ಇದಾರೆ. ದಯವಿಟ್ಟು ಯಾವತ್ತೂ ಮಾಡಬೇಡ. ಜನರೇಟರಿಗೆ ಅರ್ಥ್ ಇಲ್ಲದಿದ್ರೆ, ನಿನ್ನ ಕೈ ತಂತಿ ಮೇಲೆ, ತುಟಿ ಮೈಕಿಗೆ ತಾಗಿದ್ರೆ ಕರೆಂಟು ನಿನ್ನ ಮೈಯೊಳಗೆ ಹಾದುಹೋಗತ್ತೆ. ನೆಲ ಒದ್ದೆ ಇರೋ ನಮ್ಮ ಕಡೆ ಅದು ಜೀವಕ್ಕೇ ಬರತ್ತೆ. ಅಣ್ಣ ಹೇಳಿದ ಅದೇ ಮೀಟರನ್ನ ಎಸಿ ವೋಲ್ಟಿಗೆ ಇಟ್ಟು ಒಂದು ಕಡ್ಡಿ ಗಿಟಾರಿನ ತಂತಿಗೆ, ಇನ್ನೊಂದು ಮೈಕಿನ ಜಾಲರಿಗೆ ಇಟ್ಟು ನೋಡು. ಹತ್ತಿಪ್ಪತ್ತು ವೋಲ್ಟ್ ತೋರಿಸಿದ್ರೂ ಗಿಟಾರ್ ಕೆಳಗಿಡು, ಮೈಕ್ ಸೆಟ್ಟಿನವರಿಗೆ ಹೇಳಿ ಅರ್ಥ್ ಸರಿ ಮಾಡಿಸು. ನಾಚಿಕೆ ಪಟ್ಕೋಬೇಡ.

ಬೇಸಿಗೇಲಿ ಜಂಬಿಟ್ಟಿಗೆ ನೆಲ ಒಣಗಿದಾಗ ಅರ್ಥ್ ಗುಂಡಿಗೆ ನೀರು ಹೊಯ್ಯದೆ ಇದ್ರೆ ಅರ್ಥ್ ಹಿಡಿಯಲ್ಲ, ಮನೇಲೂ ಅಷ್ಟೆ. ಜನರೇಟರ್ ಶುರು ಮಾಡಿದ ಕೂಡಲೇ ಬೋರ್ಡ್ ಹಾಕಬೇಡ. ಓಟ ಒಂದು ಹದಕ್ಕೆ ಬರ್ಲಿ, ಆಮೇಲೆ ಹಾಕು.

ತುಂಗಾದಂಡೆ

ಹೊಸನಗರದ ಅಣ್ಣ, ಮೈಕ್ ತಾಗಿ ಜುಂ ಅಂದಿದ್ದು ನನಗೂ ಉಂಟು. ಎಲ್ಲರಿಗೂ ಹಾಗೇ ಆಗತ್ತೆ ಅಂದ್ಕೊಂಡಿದ್ದೆ. ಇನ್ನು ಮೀಟರ್ ಗಿಟಾರ್ ಬ್ಯಾಗಲ್ಲೇ ಇರತ್ತೆ.

ದುರ್ಗಿಗುಡಿ ಅಣ್ಣ, ಕೊನೇ ಪ್ರಶ್ನೆ. ಆರಿದ್ರ ಮಳೆ ಹಿಡಿದ್ರೆ ನಮ್ಮಲ್ಲಿ ದಿನಗಟ್ಟಲೆ ಕರೆಂಟಿರಲ್ಲ. ಮೊಬೈಲ್ ಚಾರ್ಜ್ ಮಾಡೋ ಪವರ್ ಬ್ಯಾಂಕಿಂದ ಪ್ರಾಕ್ಟೀಸ್ ಮಾಡಬಹುದಾ?

ದುರ್ಗಿಗುಡಿ ಸೋಲ್ಡರ್

ಆಗತ್ತೆ. ಯುಎಸ್‌ಬಿ-ಸಿ ಪಿಡಿ (ಪವರ್ ಡೆಲಿವರಿ) ಇರೋ ಪವರ್ ಬ್ಯಾಂಕ್ 5 ವೋಲ್ಟ್ ಅಲ್ಲದೆ 9 ವೋಲ್ಟನ್ನೂ ಕೊಡತ್ತೆ. ಅದನ್ನ 9ಕ್ಕೆ ಕೇಳೋ ಟ್ರಿಗರ್ ಕೇಬಲ್ ಸಿಗತ್ತೆ, ಇನ್ನೊಂದು ತುದೀಲಿ ಪೆಡಲ್ ಪಿನ್. ಬಹಳಷ್ಟು ಕೇಬಲ್ಲುಗಳಲ್ಲಿ ನಡುವೆ ಪ್ಲಸ್ ಇರತ್ತೆ, ಹಾಗಾಗಿ ಮೊದಲು ಮೀಟರಲ್ಲಿ ನೋಡಿ. ಕೆಂಪು ಕಡ್ಡಿ ಪಿನ್ನಿನ ಹೊರಮೈಗೆ, ಕಪ್ಪು ಒಳಗೆ ಇಟ್ಟಾಗ 9 ತೋರಿಸಬೇಕು. ಮೈನಸ್ 9 ತೋರಿಸಿದ್ರೆ ಪ್ಲಸ್ ಮೈನಸ್ ತಿರುಗಿಸೋ ಜಾಯಿಂಟ್ ಹಾಕ್ಕೊಳ್ಳಿ. ಟ್ಯೂನರ್, ಡ್ರೈವ್ ಇಷ್ಟೇ ಹಾಕಿದ್ರೆ ಎಳೆಯೋ ಕರೆಂಟು ಕಮ್ಮಿ ಅಂತ ಕೆಲವು ಪವರ್ ಬ್ಯಾಂಕ್ ತಾನಾಗೇ ಆಫ್ ಆಗತ್ತೆ, ಡಿಲೇನೂ ಸೇರಿಸಿ. ಝೂಮ್‌ಗೆ ಪೆನ್ಸಿಲ್ ಸೆಲ್ಲೇ ಇರ್ಲಿ, ಇಲ್ಲಾಂದ್ರೆ ಅದೇ ಕುಯ್ಯ್ ವಾಪಸ್ ಬರತ್ತೆ.