ಮಾಳಿಗೆ ಮೇಲೆ ಉರಿದ ಸ್ಟವ್ ಸ್ಪಿತಿಯಲ್ಲೂ ಉರಿಯುತ್ತಾ?

ಪ್ರಶ್ನೆ (ಬಳ್ಳಾರಿ)

ಸೆಪ್ಟೆಂಬರ್ ಕೊನೆಗೆ ನಾವಿಬ್ಬರು ಹಿಮಾಚಲದ ಸ್ಪಿತಿಗೆ ಹೊರಟಿದ್ದೇವೆ. ಚಂದ್ರತಾಲ್ ಕೆರೆ ಕಡೆ 4,200 ಮೀಟರ್ ಎತ್ತರದಲ್ಲಿ ಟೆಂಟ್ ಹಾಕುವ ಯೋಚನೆ. ಸಾಮಾನೆಲ್ಲ ಮಾಳಿಗೆ ಮೇಲೆ ಪರೀಕ್ಷೆ ಮಾಡಿದಾಗ ಕಂಡದ್ದು:

1. ಪೈಪ್ ಇರುವ ಸಣ್ಣ ಸ್ಟವ್, ಉದ್ದನೆಯ ಬ್ಯೂಟೇನ್ ಕ್ಯಾನ್. ಶುರುವಿಗೆ ಜೋರು ಉರಿ, ಹತ್ತು ನಿಮಿಷಕ್ಕೆ ಸೊರಗುತ್ತದೆ. ಅಲ್ಲಾಡಿಸಿದರೆ ಒಳಗೆ ಗ್ಯಾಸ್ ಇದೆ.
2. ಮಳೆ ಇಲ್ಲದಿದ್ದರೂ ಬೆಳಿಗ್ಗೆ ಟೆಂಟ್ ಒಳಗೆ ಒದ್ದೆ.
3. ಅನ್ನ, ಬೇಳೆ ಅಲ್ಲಿ ಬೇಯುವುದಿಲ್ಲ ಅಂತಾರೆ. ಹಾಗಾದರೆ ಏನು ಒಯ್ಯಬೇಕು?

ಉತ್ತರ (ಗಂಗಾವತಿ)

ಸ್ಟವ್ ಕೆಟ್ಟಿಲ್ಲ, ಕ್ಯಾನ್ ತಣ್ಣಗಾಗ್ತಿದೆ. ಒಳಗಿನ ದ್ರವ ಆವಿಯಾಗುವಾಗ ಕ್ಯಾನಿನ ಶಾಖವನ್ನೇ ಎಳೆದುಕೊಳ್ಳುತ್ತೆ. ಮುಟ್ಟಿ ನೋಡ್ರಿ, ಮೈಯೆಲ್ಲ ಬೆವರಿರುತ್ತೆ. ಬ್ಯೂಟೇನ್ ಕುದಿಯೋದು, ಅಂದರೆ ದ್ರವ ಗ್ಯಾಸ್ ಆಗೋದು, −0.5 ಡಿಗ್ರಿಗೆ, ಐಸೋಬ್ಯೂಟೇನ್ ಸುಮಾರು −12ಕ್ಕೆ, ಪ್ರೊಪೇನ್ −42ಕ್ಕೆ. ಎತ್ತರದಲ್ಲಿ ಗಾಳಿಯ ಒತ್ತಡ ಕಡಿಮೆ, ಅದರಿಂದ ಬ್ಯೂಟೇನಿಗೆ ಸ್ವಲ್ಪ ಅನುಕೂಲ ಆಗುತ್ತೆ. ಆದರೂ ಬೆಳಗಿನ ಚಳಿಗೆ ಬರೀ ಬ್ಯೂಟೇನ್ ನಂಬಬೇಡ್ರಿ. ಐಸೋಬ್ಯೂಟೇನ್-ಪ್ರೊಪೇನ್ ಮಿಶ್ರಣದ ತಿರುಪು ಕ್ಯಾನ್ ತಗೊಳ್ರಿ. ರೈಲಲ್ಲೂ ವಿಮಾನದಲ್ಲೂ ಕ್ಯಾನ್ ಒಯ್ಯುವ ಹಾಗಿಲ್ಲ, ಮನಾಲಿಯಲ್ಲಿ ಸಿಗುತ್ತೆ. ಅದರ ತಿರುಪು ನಿಮ್ಮ ಸ್ಟವ್‌ಗೆ ಕೂಡುತ್ತಾ ಅಂತ ಮಾತ್ರ ಇಲ್ಲೇ ಒಂದು ಕ್ಯಾನ್ ಹಾಕಿ ಖಾತ್ರಿ ಮಾಡಿಕೊಳ್ರಿ.

ಬಳ್ಳಾರಿ ಸೆಕೆಯಲ್ಲಿ ಎಲ್ಲಾ ಸ್ಟವ್ ಪಾಸಾಗ್ತವೆ, ಆ ಪರೀಕ್ಷೆಗೆ ಬೆಲೆ ಇಲ್ಲ. ಬಯಲಲ್ಲಿ ಬಕೆಟ್‌ಗೆ ಐಸ್, ನೀರು ಹಾಕಿ ಕ್ಯಾನನ್ನು ಅರ್ಧ ಗಂಟೆ ಇಟ್ಟು ತೆಗೆದು, ಒರೆಸಿ ಹೊತ್ತಿಸ್ರಿ. ಅರ್ಧ ಖಾಲಿಯಾದ ಕ್ಯಾನಿನಲ್ಲೂ ಮಾಡಿ ನೋಡ್ರಿ, ನಿಜ ಗೊತ್ತಾಗೋದು ಅದರಲ್ಲೇ. ಫ್ರಿಜ್‌ನಲ್ಲಿ ಮಾತ್ರ ಇಡಬೇಡ್ರಿ, ಸೋರಿದರೆ ಒಳಗಿನ ಕಿಡಿ ಸಾಕು.

ಗ್ಯಾಸ್ ಲೆಕ್ಕಕ್ಕೆ ಅಡುಗೆಮನೆ ತಕ್ಕಡಿ ಇರಲಿ. ಕ್ಯಾನ್ ತೂಗಿ, 1 ಲೀಟರ್ ನೀರು ಕುದಿಸಿ, ಮತ್ತೆ ತೂಗ್ರಿ. ಗಾಳಿ ಇಲ್ಲದಿದ್ದರೆ 12–15 ಗ್ರಾಂ ಇಳಿಯಬೇಕು. ಟೇಬಲ್ ಫ್ಯಾನ್ ಹಚ್ಚಿ ಇನ್ನೊಮ್ಮೆ ಮಾಡಿದರೆ ಎಷ್ಟು ಏರುತ್ತೆ ಅಂತ ಕಾಣುತ್ತೆ, ಒಯ್ಯುವ ಗ್ಯಾಸ್ ಆ ಲೆಕ್ಕಕ್ಕೆ ಹಿಡೀರಿ. ಗಾಳಿತಡೆ ಬರ್ನರ್ ಸುತ್ತ ಇರಲಿ, ಕ್ಯಾನ್ ಅದರ ಹೊರಗೆ. ಕ್ಯಾನ್ ಕಾದರೆ ಸಿಡಿಯುತ್ತೆ. ಉರಿ ಸೊರಗಿದರೆ ಕ್ಯಾನನ್ನು ಉಗುರುಬೆಚ್ಚಗಿನ ನೀರಿನ ತಟ್ಟೆಯಲ್ಲಿ ಇಡಬಹುದು, ಕುದಿನೀರಲ್ಲಿ ಖಂಡಿತ ಬೇಡ. ಮನೆ ಸಿಲಿಂಡರ್‌ನಿಂದ ಕ್ಯಾನ್ ತುಂಬಿಸೋದಂತೂ ಬೇಡವೇ ಬೇಡ, ಆ ಒತ್ತಡ ತಡೆಯೋಕೆ ಅದನ್ನು ಮಾಡಿಲ್ಲ.

ಉತ್ತರ (ರಾಯಚೂರು)

ಊಟದ ಬಗ್ಗೆ ಹೇಳ್ತೀನಿ. ಆ ಎತ್ತರದಲ್ಲಿ ನೀರು ಸುಮಾರು 86 ಡಿಗ್ರಿಗೇ ಕುದಿಯುತ್ತೆ. ಬರೀ ಪಾತ್ರೆಯಲ್ಲಿ ತೊಗರಿ ಬೇಳೆ ಇಟ್ಟರೆ ಗ್ಯಾಸ್ ಮುಗಿದರೂ ಬೇಳೆ ಬೇಯಲ್ಲ. ಕುಕ್ಕರ್ ಒಯ್ದರೆ ಬೇಯುತ್ತೆ, ಇಲ್ಲಿಯ ಹೊತ್ತಿಗಿಂತ ಅರ್ಧದಷ್ಟು ಜಾಸ್ತಿ ಹಿಡೀರಿ. ಎರಡು ರಾತ್ರಿಗಾದರೆ ಆ ಭಾರ ಬೇಡ ಅಂತ ನನ್ನ ಅಭಿಪ್ರಾಯ.

ಮನೆಯಲ್ಲೇ ಆ ಎತ್ತರ ತರಬಹುದು. ನೀರು ಕುದಿಸಿ ಇಳಿಸ್ರಿ, ಥರ್ಮಾಮೀಟರ್ 86 ತೋರಿಸಿದ ಮೇಲೆ ಬಳಸ್ರಿ. 150 ಗ್ರಾಂ ಹುರಿದ ಸಣ್ಣ ರವೆ, ಒಣ ಒಗ್ಗರಣೆ, ಉಪ್ಪು ಕಲಸಿಟ್ಟ ಪುಡಿಗೆ 400 ಮಿಲಿ ಹಾಕಿ, ಮುಚ್ಚಿ, ದಪ್ಪ ಟವೆಲ್ ಸುತ್ತಿ 12 ನಿಮಿಷ ಬಿಡ್ರಿ. ನಡುವೆ ಗಟ್ಟಿ ಉಳಿದರೆ ರವೆಯನ್ನು ಇನ್ನೂ ಹುರೀರಿ, ನೀರು 50 ಮಿಲಿ ಏರಿಸ್ರಿ. ಅಕ್ಕಿ ಇದಕ್ಕೆ ಒಗ್ಗಲ್ಲ, ತೆಳು ಅವಲಕ್ಕಿ ಒಗ್ಗುತ್ತೆ. ಕುದಿನೀರನ್ನು ತೆಳು ಪ್ಲಾಸ್ಟಿಕ್ ಕವರಿಗೆ ಸುರೀಬೇಡ್ರಿ.

ಮಧ್ಯಾಹ್ನಕ್ಕೆ ನಮ್ಮ ಖಡಕ್ ರೊಟ್ಟಿ, ಶೇಂಗಾ ಹಿಂಡಿ (ಚಟ್ನಿಪುಡಿ), ಗುರೆಳ್ಳು ಹಿಂಡಿಗಿಂತ ಚೊಲೊ ಯಾವುದೂ ಇಲ್ಲ. ಒಲೆ ಹಚ್ಚೋ ಕೆಲಸವೇ ಇಲ್ಲ. ರೊಟ್ಟಿಯಲ್ಲಿ ಒಂಚೂರು ತೇವ ಉಳಿದರೂ ಬೂಷ್ಟು ಬರುತ್ತೆ, ಮುರಿದರೆ ಪಟ್ ಅನ್ನಬೇಕು. ಚಪ್ಪಟೆ ಸ್ಟೀಲ್ ಡಬ್ಬಿಯಲ್ಲಿ ಹಾಕಿ. ಶೇಂಗಾ ಹಿಂಡಿ ಸೆಕೆಗೆ ಎಣ್ಣೆ ಬಿಟ್ಟು ಕಮಟು ವಾಸನೆ ಹೊಡೆಯುತ್ತೆ, ಹೊರಡುವ ವಾರವೇ ಮಾಡಿಸ್ರಿ. ಒಂದು ಮಾತು, ರೊಟ್ಟಿ ನೀರು ಕೇಳುತ್ತೆ. ಕುಡಿಯುವ ನೀರಿನ ಲೆಕ್ಕಕ್ಕೆ ಅದನ್ನೂ ಸೇರಿಸ್ರಿ.

ಮರುಪ್ರಶ್ನೆ (ಬಳ್ಳಾರಿ)

ಬಹಳ ಉಪಕಾರ ಆಯ್ತು ಸರ್. ಟೆಂಟ್ ಸೋರ್ತಿದೆಯಾ? ಗಾಳಿ ತುಂಬುವ ಮ್ಯಾಟ್ ಕೂಡ ಬೆಳಿಗ್ಗೆ ಮೆತ್ತಗಾಗಿತ್ತು.

ಉತ್ತರ (ಗಂಗಾವತಿ)

ಹನಿ ಒಳಮೈಗೆಲ್ಲ ಸಮನಾಗಿ ಕೂತಿದ್ದರೆ ಅದು ಉಸಿರಿನ ತೇವ. ಮೇಲಿನ ಕಿಂಡಿ ತೆರೆದು, ಹೊರಹೊದಿಕೆ ಬಿಗಿದು ಟೆಂಟಿನ ಒಳಪದರಕ್ಕೆ ತಾಗದ ಹಾಗೆ ಮಾಡಿದರೆ ಕಡಿಮೆಯಾಗುತ್ತೆ. ಹೊಲಿಗೆ ಗೆರೆಯಲ್ಲೋ ಮೂಲೆಯಲ್ಲೋ ಮಾತ್ರ ಒದ್ದೆ ಇದ್ದರೆ ಸೋರಿಕೆ. ಒಳಗೆ ಪೇಪರ್ ಹಾಸಿ, ಮೇಲಿಂದ ಪೈಪಲ್ಲಿ 20 ನಿಮಿಷ ನೀರು ಬಿಡ್ರಿ, ಎಲ್ಲಿ ಕಲೆ ಅಂತ ಪೇಪರೇ ತೋರಿಸುತ್ತೆ. ಸಿಲಿಕಾನ್ ಲೇಪದ ಬಟ್ಟೆಗೆ ಸಿಲಿಕಾನ್ ಸೀಲರ್, ಪಾಲಿಯುರೆಥೇನ್ ಲೇಪಕ್ಕೆ ಅದರದೇ ಸೀಲರ್. ಅದಲುಬದಲಾದರೆ ಹಿಡಿಯಲ್ಲ. ಅಟ್ಟದ ಸೆಕೆಯಲ್ಲಿ ವರ್ಷಗಟ್ಟಲೆ ಇದ್ದ ಟೆಂಟಿನ ಒಳಮೈ ಅಂಟು ಅಂಟಾಗಿದ್ದರೆ ಲೇಪವೇ ಕೊಳೆತಿದೆ, ಅದಕ್ಕೆ ಸೀಲರ್ ಉಪಯೋಗ ಇಲ್ಲ, ಬದಲಿಸ್ರಿ.

ಮ್ಯಾಟ್ ಸಂಜೆ 35 ಡಿಗ್ರಿಯಲ್ಲಿ ಊದಿದರೆ ಬೆಳಗಿನ ತಂಪಿಗೆ ಒಳಗಿನ ಗಾಳಿ ಕುಗ್ಗುತ್ತೆ, ಅದು ತೂತಲ್ಲ. ತಂಪು ಹೊತ್ತಲ್ಲಿ ಊದಿ, ಮರುದಿನ ಅದೇ ಹೊತ್ತಿಗೆ ಒತ್ತಿ ನೋಡ್ರಿ. ಆಗಲೂ ಮೆತ್ತಗಿದ್ದರೆ ಸಾಬೂನು ನೊರೆ ಹಚ್ಚಿ ಗುಳ್ಳೆ ಹುಡುಕ್ರಿ, ಮೊದಲು ವಾಲ್ವ್ ಸುತ್ತ.

ಇನ್ನೊಂದು: ಚಂದ್ರತಾಲ್ ಕೆರೆಯ ದಡದಲ್ಲಿ ಟೆಂಟ್ ಹಾಕಲು ಬಿಡಲ್ಲ, ಕ್ಯಾಂಪ್ ಜಾಗ ದೂರದಲ್ಲಿದೆ. ಎಷ್ಟೇ ಚಳಿಯಿದ್ದರೂ ಮುಚ್ಚಿದ ಟೆಂಟ್ ಒಳಗೆ ಸ್ಟವ್ ಹಚ್ಚಬೇಡ್ರಿ. ಉರಿಯಿಂದ ಬರುವ ವಿಷಗಾಳಿ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ.