ಹೊಸ ಪಿಸಿ ಜೋಡಣೆ, ಜೊತೆಗೆ ವಿಂಡೋಸ್‌ನಿಂದ ಲಿನಕ್ಸ್ ಮಿಂಟ್‌ಗೆ: ಎಲ್ಲೆಲ್ಲಿ ಎಚ್ಚರ ಬೇಕು?

ಖಾಲಿಕೇಸು ಕೇಳಿದ್ದು:

ಬಿಡಿಭಾಗಗಳೆಲ್ಲ ಕೈಯಲ್ಲಿವೆ, ಜೋಡಣೆ ಇನ್ನೂ ಶುರುವಾಗಿಲ್ಲ. ರೈಜೆನ್ 5 8600ಜಿ, ಬಿ650 ಚಿಪ್‌ಸೆಟ್‌ನ ಮೈಕ್ರೋ ಎಟಿಎಕ್ಸ್ ಬೋರ್ಡು, 16 ಜಿಬಿಯ ಎರಡು ಡಿಡಿಆರ್5-6000 ಕಡ್ಡಿ, 1 ಟಿಬಿ ಎನ್‌ವಿಎಂಇ ಎಸ್‌ಎಸ್‌ಡಿ, 550 ವ್ಯಾಟ್ ಮಾಡ್ಯುಲರ್ ಪವರ್ ಸಪ್ಲೈ. ಗ್ರಾಫಿಕ್ಸ್ ಕಾರ್ಡ್ ಸದ್ಯಕ್ಕೆ ಇಲ್ಲ. ಕೆಲಸ ಅಂದರೆ ಕನ್ನಡ ಬರವಣಿಗೆ, ಸ್ಪ್ರೆಡ್‌ಶೀಟ್, ಬ್ರೌಸರ್, ಆಗಾಗ ಫೋಟೋ ತಿದ್ದುವುದು.

ಇಷ್ಟು ದಿನ ವಿಂಡೋಸ್ 10. ಅದರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿರುವುದರಿಂದ ಹೊಸ ಯಂತ್ರಕ್ಕೆ ಲಿನಕ್ಸ್ ಮಿಂಟ್ ಹಾಕುವ ಯೋಚನೆ. ನಾಲ್ಕು ಪ್ರಶ್ನೆ: ಜೋಡಿಸುವಾಗ ಸಾಮಾನ್ಯವಾಗಿ ಎಲ್ಲಿ ತಪ್ಪುತ್ತದೆ? ಹಳೆ ಪವರ್ ಸಪ್ಲೈಯ ಸಾಟಾ ಕೇಬಲ್ ಉದ್ದವಾಗಿದೆ, ಅದನ್ನೇ ಹೊಸದಕ್ಕೆ ಹಾಕಬಹುದೇ? ವಿಂಡೋಸನ್ನೂ ಪಕ್ಕದಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದೇ? ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ಹಳೆ ಕಡತಗಳ ಗತಿ ಏನು?

ತಿರುಪುಳಿ:

ಕೇಬಲ್ ವಿಷಯ ಮೊದಲು: ಖಂಡಿತ ಬೇಡ. ಮಾಡ್ಯುಲರ್ ಕೇಬಲ್‌ನಲ್ಲಿ ಡಿಸ್ಕ್ ಕಡೆಯ ತುದಿ ಮಾತ್ರ ಎಲ್ಲರಿಗೂ ಒಂದೇ. ಪವರ್ ಸಪ್ಲೈ ಕಡೆ ಯಾವ ಪಿನ್‌ಗೆ ಯಾವ ವೋಲ್ಟೇಜ್ ಎಂಬುದಕ್ಕೆ ಯಾವ ನಿಯಮವೂ ಇಲ್ಲ. ಒಂದೇ ಕಂಪನಿಯ ಎರಡು ಮಾಡೆಲ್‌ಗಳಲ್ಲೂ ಅದು ಬದಲಾಗುತ್ತದೆ. ಪ್ಲಗ್ ಸಲೀಸಾಗಿ ಕೂರುತ್ತದೆ, ಆದರೆ 5 ವೋಲ್ಟ್ ಇರಬೇಕಾದ ತಂತಿಯಲ್ಲಿ 12 ವೋಲ್ಟ್ ಹರಿದರೆ ಡಿಸ್ಕ್ ಆ ಕ್ಷಣವೇ ಹೋಗುತ್ತದೆ. ಹೊಸ ಪೆಟ್ಟಿಗೆಯಲ್ಲಿ ಬಂದ ಕೇಬಲ್ ಮಾತ್ರ ಬಳಸಿ.

ಇನ್ನು ಜೋಡಣೆ. ಬೋರ್ಡನ್ನು ನೇರವಾಗಿ ಕೇಸಿನೊಳಗೆ ತಿರುಪು ಹಾಕಿ ಕೂರಿಸಬೇಡಿ. ಅದರ ರಟ್ಟಿನ ಡಬ್ಬದ ಮೇಲೆಯೇ ಇಟ್ಟು ಪ್ರೊಸೆಸರ್, ಕೂಲರ್, ರ‍್ಯಾಮ್, ಎಸ್‌ಎಸ್‌ಡಿ ಹಾಕಿ, ಹೊರಗೇ ಒಮ್ಮೆ ಚಾಲೂ ಮಾಡಿ ನೋಡಿ. ಏನಾದರೂ ಕೆಟ್ಟಿದ್ದರೆ ಆಗಲೇ ಗೊತ್ತಾಗುತ್ತದೆ, ಎಲ್ಲ ಬಿಚ್ಚುವ ಕೆಲಸ ತಪ್ಪುತ್ತದೆ.

ನಿಮ್ಮ ಪ್ರೊಸೆಸರ್ ಕೂರುವ ಎಎಂ5 ಸಾಕೆಟ್‌ನಲ್ಲಿ ಪಿನ್‌ಗಳಿರುವುದು ಬೋರ್ಡಿನಲ್ಲಿ, ಒಟ್ಟು 1718. ಅವುಗಳ ಮೇಲೆ ಬೆರಳು, ಬಟ್ಟೆ ಯಾವುದೂ ತಾಗಬಾರದು. ಪ್ರೊಸೆಸರ್ ಮೂಲೆಯ ಚಿನ್ನದ ಬಣ್ಣದ ತ್ರಿಕೋನವನ್ನು ಸಾಕೆಟ್‌ನ ತ್ರಿಕೋನಕ್ಕೆ ಹೊಂದಿಸಿ ಮೇಲಿಂದ ಇಳಿಸಿ. ಒತ್ತುವ ಅಗತ್ಯವೇ ಇಲ್ಲ. ಸನ್ನೆಯನ್ನು ಕೆಳಗೆ ಅದುಮುವಾಗ ಮಾತ್ರ ಬಲ ಬೇಕಾಗುತ್ತದೆ, ಕರಕರ ಸದ್ದೂ ಬರಬಹುದು. ಅದು ಸಹಜ. ಕಪ್ಪು ಪ್ಲಾಸ್ಟಿಕ್ ಮುಚ್ಚಳ ತಾನಾಗಿ ಚಿಮ್ಮಿ ಹೊರಬರುತ್ತದೆ. ಎಸೆಯಬೇಡಿ, ಬೋರ್ಡನ್ನು ವಾರಂಟಿಗೆ ಕಳಿಸುವಾಗ ಬೇಕಾಗುತ್ತದೆ.

8600ಜಿ ಜೊತೆ ಬರುವ ರೇತ್ ಸ್ಟೆಲ್ತ್ ಕೂಲರ್‌ಗೆ ತಳದಲ್ಲೇ ಪೇಸ್ಟ್ ಹಚ್ಚಿರುತ್ತದೆ, ಇನ್ನೊಂದು ಪದರ ಬೇಡ. ಅದನ್ನು ಕೂರಿಸಲು ಸಾಕೆಟ್‌ನ ಎರಡೂ ಬದಿಯ ಪ್ಲಾಸ್ಟಿಕ್ ಹಿಡಿಕೆಗಳನ್ನು ಬಿಚ್ಚಬೇಕು. ಹಿಂದಿನ ತಲೆಮಾರಿನ ಎಎಂ4ರಲ್ಲಿ ಹೀಗೆ ಬಿಚ್ಚಿದರೆ ಹಿಂದಿನ ಲೋಹದ ಪಟ್ಟಿ ಕಳಚಿ ಬೀಳುತ್ತಿತ್ತು. ಎಎಂ5ರಲ್ಲಿ ಸಾಕೆಟ್‌ನ ತಿರುಪುಗಳೇ ಅದನ್ನು ಹಿಡಿದಿರುತ್ತವೆ. ನಾಲ್ಕು ತಿರುಪನ್ನೂ ಕರ್ಣರೇಖೆಯಲ್ಲಿ, ಒಂದೊಂದಕ್ಕೆ ಎರಡೆರಡು ಸುತ್ತಿನಂತೆ ಬಿಗಿ ಮಾಡಿ. ಒಂದು ಮೂಲೆಯನ್ನು ಪೂರ್ತಿ ಬಿಗಿದು ಇನ್ನೊಂದಕ್ಕೆ ಹೋದರೆ ಕೂಲರ್ ವಾಲುತ್ತದೆ, ಪೇಸ್ಟ್ ಒಂದೇ ಕಡೆಗೆ ಸರಿಯುತ್ತದೆ. ಫ್ಯಾನ್ ವೈರು 'ಸಿಪಿಯು ಫ್ಯಾನ್' ಎಂದು ಬರೆದಿರುವ ಕಡೆಗೇ ಹೋಗಲಿ.

ಬೋರ್ಡಿನಲ್ಲಿ ನಾಲ್ಕು ರ‍್ಯಾಮ್ ಸ್ಲಾಟ್ ಇದ್ದರೆ ಎರಡು ಕಡ್ಡಿಗಳು ಪ್ರೊಸೆಸರ್ ಕಡೆಯಿಂದ ಎಣಿಸಿದ ಎರಡನೆಯ ಮತ್ತು ನಾಲ್ಕನೆಯ ಸ್ಲಾಟಿಗೆ. ನಿಮ್ಮ ಯಂತ್ರದಲ್ಲಿ ಗ್ರಾಫಿಕ್ಸ್ ಭಾಗ ರ‍್ಯಾಮನ್ನೇ ಹಂಚಿಕೊಳ್ಳುವುದರಿಂದ ಎರಡು ಕಡ್ಡಿ ಎರಡು ಚಾನೆಲ್‌ನಲ್ಲಿ ಕೂರುವುದು ಬಹಳ ಮುಖ್ಯ. ಎಸ್‌ಎಸ್‌ಡಿಯ ಮೇಲೆ ಬರುವ ಲೋಹದ ಹೀಟ್‌ಸಿಂಕ್‌ನ ಒಳಬದಿಯಲ್ಲಿ ತೆಳುವಾದ ಪ್ಲಾಸ್ಟಿಕ್ ಹಾಳೆ ಇರುತ್ತದೆ. ಸುಲಿಯದೆ ಹಾಕಿದರೆ ಡಿಸ್ಕ್ ಬಿಸಿಯಾಗಿ ವೇಗ ಇಳಿಯುತ್ತದೆ, ಕಾರಣ ಹುಡುಕಿದರೂ ಸಿಗುವುದಿಲ್ಲ.

ಈಗ 24 ಪಿನ್ ಮತ್ತು ಪ್ರೊಸೆಸರ್‌ನ 8 ಪಿನ್ ಎರಡನ್ನೂ ಹಾಕಿ. ಎರಡನೆಯದು 4+4 ಆಗಿ ಸೀಳುವ ಪ್ಲಗ್; 6+2 ಆಗಿ ಸೀಳುವುದು ಗ್ರಾಫಿಕ್ಸ್ ಕಾರ್ಡಿನದು, ಅದನ್ನು ಒತ್ತಿ ತುರುಕಬೇಡಿ. ಮಾನಿಟರ್ ಸಿಕ್ಕಿಸಿ, ಬೋರ್ಡಿನ ಪವರ್ ಸ್ವಿಚ್ ಪಿನ್‌ಗಳೆರಡನ್ನು ಸ್ಕ್ರೂಡ್ರೈವರ್ ತುದಿಯಿಂದ ಒಂದು ಕ್ಷಣ ಮುಟ್ಟಿಸಿ.

ಹೆಚ್ಚಿನವರು ಗಾಬರಿಯಾಗುವುದು ಇಲ್ಲೇ. ಫ್ಯಾನ್ ತಿರುಗುತ್ತದೆ, ಬೋರ್ಡಿನ ಮೇಲೆ ರ‍್ಯಾಮ್‌ಗೆಂದು ಇರುವ 'ಡಿರ‍್ಯಾಮ್' ದೀಪ ಉರಿಯುತ್ತದೆ, ಪರದೆ ಕಪ್ಪಾಗಿಯೇ ಇರುತ್ತದೆ. ಡಿಡಿಆರ್5 ಮೊದಲ ಸಲ ಚಾಲೂ ಆದಾಗ ಬೋರ್ಡು ರ‍್ಯಾಮ್‌ನ ಸಂಕೇತಗಳ ಸಮಯವನ್ನು ಅಳೆದು ಹೊಂದಿಸಿಕೊಳ್ಳುತ್ತದೆ. ಹಲವು ನಿಮಿಷ ಹಿಡಿಯಬಹುದು, ನಡುವೆ ತಾನೇ ಆರಿ ಮತ್ತೆ ಹೊತ್ತಿಕೊಳ್ಳಲೂಬಹುದು. ಹತ್ತು ಹದಿನೈದು ನಿಮಿಷ ಮುಟ್ಟದೆ ಬಿಡಿ. ನಡುವೆ ಕರೆಂಟ್ ತೆಗೆದರೆ ಮತ್ತೆ ಮೊದಲಿನಿಂದ ಶುರು.

ಪರದೆ ಬಂದು ಬಯೋಸ್‌ನಲ್ಲಿ (ಬೋರ್ಡಿನ ಸೆಟ್ಟಿಂಗ್ ಪರದೆ) 32 ಜಿಬಿಯೂ ಎಸ್‌ಎಸ್‌ಡಿಯೂ ಕಂಡರೆ ಆಫ್ ಮಾಡಿ ಕೇಸಿಗೆ ಹಾಕಿ. ಬೋರ್ಡಿನ ರಂಧ್ರ ಇರುವ ಕಡೆ ಮಾತ್ರ ಹಿತ್ತಾಳೆಯ ಸ್ಟ್ಯಾಂಡ್‌ಆಫ್ ಇರಲಿ. ಎಟಿಎಕ್ಸ್‌ಗೆಂದು ಮೊದಲೇ ಕೂರಿಸಿದ ಒಂದು ಹೆಚ್ಚುವರಿ ಸ್ಟ್ಯಾಂಡ್‌ಆಫ್ ನಿಮ್ಮ ಸಣ್ಣ ಬೋರ್ಡಿನ ಬೆನ್ನಿಗೆ ತಾಗಿದರೆ ಶಾರ್ಟ್ ಆಗುತ್ತದೆ. ಮುಂಭಾಗದ ಸಣ್ಣ ವೈರುಗಳಲ್ಲಿ ಸ್ವಿಚ್‌ಗಳಿಗೆ ಪ್ಲಸ್ ಮೈನಸ್ ಇಲ್ಲ, ಎಲ್‌ಇಡಿಗಳಿಗೆ ಇದೆ.

ಗ್ರಬ್‌ಮೆನು:

ಮೇಲಿನದಕ್ಕೆ ಒಂದು ಸೇರಿಸುವುದಿದೆ, ನನ್ನ ಪ್ರಕಾರ ಇಡೀ ಕೆಲಸದಲ್ಲಿ ಮುಖ್ಯವಾದದ್ದೇ ಇದು: ಹಾರ್ಡ್‌ವೇರ್ ಸರಿಯಿದೆ ಎಂದು ಖಾತ್ರಿಯಾಗುವ ಮೊದಲು ಮಿಂಟ್ ಹಾಕಬೇಡಿ. ಯಂತ್ರವೂ ಹೊಸದು, ಆಪರೇಟಿಂಗ್ ಸಿಸ್ಟಮ್ಮೂ ಹೊಸದು. ರ‍್ಯಾಮ್ ದೋಷದಿಂದ ಬ್ರೌಸರ್ ಮುಚ್ಚಿಕೊಂಡರೂ ಜನ ಲಿನಕ್ಸನ್ನೇ ದೂರುತ್ತಾರೆ. ಇನ್‌ಸ್ಟಾಲ್ ಮಾಡುವಾಗ 'ಸ್ಕ್ವಾಷ್‌ಎಫ್‌ಎಸ್' ಎಂಬ ಪದವಿರುವ ದೋಷ ಬಂದರೆ ಅದು ಹೆಚ್ಚಾಗಿ ಕೆಟ್ಟ ಪೆನ್‌ಡ್ರೈವ್, ಅರ್ಧಂಬರ್ಧ ಇಳಿದ ಐಎಸ್‌ಒ (ಇನ್‌ಸ್ಟಾಲ್ ಮಾಡುವ ಕಡತ), ಇಲ್ಲವೇ ರ‍್ಯಾಮ್.

ಹಾಗಾಗಿ ಮೊದಲು ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86+ ಅನ್ನು ಪೆನ್‌ಡ್ರೈವ್‌ಗೆ ಬರೆದು ಬೂಟ್ ಮಾಡಿ. ಬೂಟ್ ಆಗದಿದ್ದರೆ ಪರೀಕ್ಷೆ ಮುಗಿಯುವವರೆಗೆ ಸೆಕ್ಯೂರ್ ಬೂಟ್ ಆಫ್ ಮಾಡಿ. ಬಯೋಸ್ ಏನೂ ಬದಲಿಸದೆ ಒಂದು ಪೂರ್ತಿ ಸುತ್ತು. ಆಮೇಲೆ ಬಯೋಸ್‌ನಲ್ಲಿ ರ‍್ಯಾಮ್‌ನ ಪೂರ್ತಿ ವೇಗದ ಸೆಟ್ಟಿಂಗ್ ಆದ ಎಕ್ಸ್‌ಪೋ ಆನ್ ಮಾಡಿ (ಅದಿಲ್ಲದೆ ನಿಮ್ಮ 6000ದ ರ‍್ಯಾಮ್ ಸಾಮಾನ್ಯವಾಗಿ 4800ರಲ್ಲೇ ಓಡುತ್ತದೆ), ರಾತ್ರಿಯಿಡೀ ಬಿಡಿ. ಒಂದೇ ಒಂದು ತಪ್ಪು ಬಂದರೂ ಮುಂದೆ ಹೋಗಬೇಡಿ.

ಮಿಂಟ್ 22ರ ಸರಣಿ ಉಬುಂಟು 24.04ರ ಮೇಲೆ ನಿಂತಿದೆ, 2029ರವರೆಗೆ ಭದ್ರತಾ ಅಪ್‌ಡೇಟ್ ಸಿಗುತ್ತದೆ. ಸರಣಿಯ ಇತ್ತೀಚಿನ ಆವೃತ್ತಿಯನ್ನೇ ಇಳಿಸಿಕೊಂಡು ಕಡತ ಸರಿಯಾಗಿ ಇಳಿದಿದೆಯೇ ಎಂದು ಎಸ್‌ಎಚ್‌ಎ256 ಮೊತ್ತ ತಾಳೆ ನೋಡಿ, 8 ಜಿಬಿ ಪೆನ್‌ಡ್ರೈವ್‌ಗೆ ರೂಫಸ್ ಅಥವಾ ಎಚರ್‌ನಿಂದ ಬರೆಯಿರಿ. ಬೂಟ್ ಪಟ್ಟಿಯಲ್ಲಿ ಅದೇ ಪೆನ್‌ಡ್ರೈವ್ ಎರಡು ಸಲ ಕಂಡರೆ 'ಯುಇಎಫ್‌ಐ' ಎಂದಿರುವುದನ್ನೇ ಆರಿಸಿ. ಮೊದಲು ಲೈವ್ ಆಗಿಯೇ ಓಡಿಸಿ ಧ್ವನಿ, ವೈ-ಫೈ, ಪ್ರಿಂಟರ್ ನೋಡಿಕೊಳ್ಳಿ. ಹೊಸ ಬೋರ್ಡುಗಳ ವೈ-ಫೈ ಚಿಪ್‌ಗೆ ಕೆಲವೊಮ್ಮೆ ಹೊಸ ಕರ್ನೆಲ್ (ಲಿನಕ್ಸ್‌ನ ತಿರುಳು ಭಾಗ) ಬೇಕಾಗುತ್ತದೆ. ವೈ-ಫೈ ಬರದಿದ್ದರೆ ಫೋನನ್ನು ಯುಎಸ್‌ಬಿ ಟೆದರಿಂಗ್‌ನಲ್ಲಿ ಸಿಕ್ಕಿಸಿ. ಮಿಂಟ್ ಅದನ್ನು ತಂತಿ ಜಾಲದಂತೆ ಹಿಡಿಯುತ್ತದೆ. ಇನ್‌ಸ್ಟಾಲ್ ಆದಮೇಲೆ ಅಪ್‌ಡೇಟ್ ಮ್ಯಾನೇಜರ್‌ನ 'ವ್ಯೂ' ಮೆನುವಿನಲ್ಲಿ ಹೊಸ ಕರ್ನೆಲ್ ಸಿಗುತ್ತದೆ. ಹಳೆಯ ಕರ್ನೆಲ್ ಜಾಗ ಬಿಟ್ಟು ಹೋಗುವುದಿಲ್ಲ, ಹೊಸದು ಎಡವಟ್ಟಾದರೆ ಬೂಟ್ ಮೆನುವಾದ ಗ್ರಬ್‌ನ 'ಅಡ್ವಾನ್ಸ್‌ಡ್ ಆಪ್ಷನ್ಸ್'ನಿಂದ ಅದನ್ನೇ ಬೂಟ್ ಮಾಡಬಹುದು.

ಡ್ರೈವರ್ ಮ್ಯಾನೇಜರ್ ಖಾಲಿ ಕಂಡರೆ ಚಿಂತೆ ಬೇಡ. ಎಎಂಡಿಯ ಗ್ರಾಫಿಕ್ಸ್ ಡ್ರೈವರ್ ಕರ್ನೆಲ್‌ನೊಳಗೇ ಇದೆ, ನೀವು ಏನನ್ನೂ ಹಾಕಬೇಕಿಲ್ಲ. ಮೊದಲ ದಿನವೇ ಟೈಮ್‌ಶಿಫ್ಟ್ ತೆರೆದು ಸ್ನ್ಯಾಪ್‌ಶಾಟ್ ವ್ಯವಸ್ಥೆ ಮಾಡಿ. ನೆನಪಿರಲಿ, ಅದು ಸಿಸ್ಟಮ್ ಕಡತಗಳನ್ನು ಮಾತ್ರ ಉಳಿಸುತ್ತದೆ. 'ಹೋಮ್' ಫೋಲ್ಡರನ್ನು ತಾನಾಗಿ ಸೇರಿಸಿಕೊಳ್ಳುವುದಿಲ್ಲ, ನಿಮ್ಮ ಬರಹಗಳಿಗೆ ಹೊರಗಿನ ಡಿಸ್ಕ್‌ನಲ್ಲಿ ಬೇರೆ ಬ್ಯಾಕಪ್ ಬೇಕೇ ಬೇಕು.

ರೂಢಿ ಬದಲಾಯಿಸಿಕೊಳ್ಳಬೇಕಾದ ಕಡೆ: ವೆಬ್‌ಸೈಟ್ ಹುಡುಕಿ ಇಎಕ್ಸ್‌ಇ ಇಳಿಸುವ ಅಭ್ಯಾಸ ಬಿಡಿ, ಬೇಕಾದದ್ದೆಲ್ಲ ಸಾಫ್ಟ್‌ವೇರ್ ಮ್ಯಾನೇಜರ್‌ನಲ್ಲಿ ನೋಡಿ. ಸಿ, ಡಿ ಎಂಬ ಡ್ರೈವ್‌ಗಳಿಲ್ಲ. ಕಡತದ ಹೆಸರಿನಲ್ಲಿ ಇಂಗ್ಲಿಷಿನ ದೊಡ್ಡಕ್ಷರ ಸಣ್ಣಕ್ಷರ ಬೇರೆಯಾದರೆ ಅವು ಎರಡು ಬೇರೆ ಕಡತ. ವರ್ಡ್ ಕಡತಗಳು ಲಿಬ್ರೆಆಫೀಸ್‌ನಲ್ಲಿ ಪುಟ ತಪ್ಪಿ ಕಾಣಲು ಬಹುಪಾಲು ಕಾರಣ ಫಾಂಟ್. ಕ್ಯಾಲಿಬ್ರಿಗೆ ಕಾರ್ಲಿಟೊ, ಕ್ಯಾಂಬ್ರಿಯಾಗೆ ಕ್ಯಾಲೇಡಿಯಾ ಅಳತೆಯಲ್ಲಿ ಸರಿಸಮ, ಅವು ಇವೆಯೇ ನೋಡಿ. ಹಳೆ ವಿಂಡೋಸ್ ಯಂತ್ರ ಇನ್ನೂ ಇದೆಯಲ್ಲ, ಲಿಬ್ರೆಆಫೀಸನ್ನು ಇವತ್ತೇ ಅದರಲ್ಲಿ ಹಾಕಿ ನಿಮ್ಮ ನಿಜವಾದ ಸ್ಪ್ರೆಡ್‌ಶೀಟ್‌ಗಳನ್ನು ತೆರೆದು ನೋಡಿ. ಮ್ಯಾಕ್ರೊ ಇರುವ ಕಡತಗಳಲ್ಲಿ ತೊಂದರೆ ಬರುವ ಸಾಧ್ಯತೆ ಹೆಚ್ಚು.

ಎರಡನೇಡಿಸ್ಕ್:

ವಿಂಡೋಸ್ ಬಗ್ಗೆ: ಫೋಟೋಶಾಪ್ ಅಥವಾ ಕರ್ನೆಲ್ ಮಟ್ಟದ ಆಂಟಿ-ಚೀಟ್ ಇರುವ ಆಟಗಳು ಬೇಕೇ ಬೇಕು ಎಂದಾದರೆ ಮಾತ್ರ ಇಟ್ಟುಕೊಳ್ಳಿ. ಇಟ್ಟುಕೊಂಡರೂ ಒಂದೇ ಡಿಸ್ಕನ್ನು ಇಬ್ಭಾಗ ಮಾಡಬೇಡಿ. ಬೇರೆ ಎಸ್‌ಎಸ್‌ಡಿ ಹಾಕಿ. ಒಂದನ್ನು ಇನ್‌ಸ್ಟಾಲ್ ಮಾಡುವಾಗ ಇನ್ನೊಂದನ್ನು ಬಿಚ್ಚಿಡಿ. ಇಲ್ಲದಿದ್ದರೆ ಎರಡರ ಬೂಟ್ ಕಡತಗಳೂ ಒಂದೇ ಇಎಫ್‌ಐ ಪಾರ್ಟಿಷನ್‌ಗೆ ಹೋಗಿ ಕೂರುತ್ತವೆ, ಮುಂದೆ ಆ ಡಿಸ್ಕ್ ತೆಗೆದರೆ ಎರಡೂ ಏಳುವುದಿಲ್ಲ.

ವಿಂಡೋಸ್‌ನಲ್ಲಿ 'ಫಾಸ್ಟ್ ಸ್ಟಾರ್ಟಪ್' ಆಫ್ ಮಾಡಿ. ಅದು ಆನ್ ಇದ್ದರೆ ಶಟ್‌ಡೌನ್ ಪೂರ್ತಿ ಆಗಿರುವುದಿಲ್ಲ, ಹಾಗಾಗಿ ಮಿಂಟ್ ಆ ಪಾರ್ಟಿಷನನ್ನು ಓದಲಷ್ಟೇ ಬಿಡುತ್ತದೆ. ಬಿಟ್‌ಲಾಕರ್ (ವಿಂಡೋಸ್‌ನ ಡಿಸ್ಕ್ ಬೀಗ) ಇದ್ದರೆ ಬಯೋಸ್ ಮುಟ್ಟುವ ಮುನ್ನ ರಿಕವರಿ ಕೀ ಬರೆದಿಟ್ಟುಕೊಳ್ಳಿ. ಗಡಿಯಾರ ತಪ್ಪು ತೋರಿಸುವುದೂ ಮಾಮೂಲು: ಬೋರ್ಡಿನ ಗಡಿಯಾರವನ್ನು ವಿಂಡೋಸ್ ಸ್ಥಳೀಯ ಸಮಯವೆಂದೂ ಲಿನಕ್ಸ್ ಯುಟಿಸಿ ಎಂದೂ ಓದುತ್ತದೆ. ಇನ್ನೊಂದು: ಬಯೋಸ್‌ನ ಬೂಟ್ ಪಟ್ಟಿಯಲ್ಲಿ ಮಿಂಟ್ ಕಾಣುವುದು 'ಉಬುಂಟು' ಎಂಬ ಹೆಸರಿನಲ್ಲಿ, ಹುಡುಕಿ ಸುಸ್ತಾಗಬೇಡಿ.

ಒತ್ತಕ್ಷರ:

ನುಡಿ ಕಡತಗಳಿಗೆ ಈಗಲೇ ಗಮನ ಕೊಡಿ, ವಿಂಡೋಸ್ ಯಂತ್ರ ಕೈಬಿಡುವ ಮೊದಲು. ಯೂನಿಕೋಡ್‌ನಲ್ಲಿ ಟೈಪ್ ಮಾಡಿದವು ಎಲ್ಲಿ ತೆರೆದರೂ ಸರಿ. ಹಳೆಯ ಆಸ್ಕಿ ಫಾಂಟ್‌ನವು ಹಾಗಲ್ಲ. ಅವುಗಳೊಳಗೆ ಇರುವುದು ರೋಮನ್ ಅಕ್ಷರಗಳ ಸಂಕೇತ, ಫಾಂಟ್ ಅದಕ್ಕೆ ಕನ್ನಡದ ಚಿತ್ರ ತೊಡಿಸುತ್ತಿತ್ತು, ಅಷ್ಟೇ. ಫಾಂಟ್ ಇಲ್ಲದ ಕಡೆ ಅರ್ಥವಾಗದ ಅಕ್ಷರ ರಾಶಿ ಕಾಣುತ್ತದೆ, ಹುಡುಕಾಟವೂ ನಡೆಯುವುದಿಲ್ಲ.

ಮೂಲ ಕಡತದ ಪ್ರತಿ ತೆಗೆದಿಟ್ಟು, ಆಸ್ಕಿ-ಯೂನಿಕೋಡ್ ಪರಿವರ್ತಕದಲ್ಲಿ ಹಾಕಿ. ಎರಡು ಕಡೆ ಕಣ್ಣಿಟ್ಟು ನೋಡಬೇಕು. ಒಂದು, ಅರ್ಕಾವತ್ತು. ಆಸ್ಕಿಯಲ್ಲಿ ಅದರ ಸಂಕೇತ ಅಕ್ಷರದ ನಂತರ ಬರುತ್ತದೆ, ಯೂನಿಕೋಡ್‌ನಲ್ಲಿ ರಕಾರ ಮೊದಲು ಬರಬೇಕು. ಪರಿವರ್ತಕ ಸ್ಥಾನ ಬದಲಿಸಲು ತಪ್ಪಿದರೆ 'ಕರ್ಮ', 'ವರ್ಷ' ಇಂಥವು ಕೆಡುತ್ತವೆ. ಎರಡು, ನಡುನಡುವೆ ಬಂದ ಇಂಗ್ಲಿಷ್ ಪದಗಳು. ಬರಿಯ ಪಠ್ಯವಾಗಿ ಅಂಟಿಸಿದಾಗ ಫಾಂಟ್ ಮಾಹಿತಿ ಹೋಗುವುದರಿಂದ ಅವನ್ನೂ ಕನ್ನಡದ ಸಂಕೇತವೆಂದೇ ತಿಳಿದು ಪರಿವರ್ತಕ ಕಲಸಿಹಾಕುತ್ತದೆ. ಆ ಪದಗಳನ್ನು ಬೇರೆ ಮಾಡಿಟ್ಟು ಪರಿವರ್ತಿಸಿದರೆ ತಿದ್ದುವ ಕೆಲಸ ಅರ್ಧ ಕಡಿಮೆ.

ಟೈಪಿಂಗ್‌ಗೆ ಮಿಂಟ್‌ನಲ್ಲಿ ಐಬಸ್ (ಬೇರೆ ಬೇರೆ ಭಾಷೆಗಳ ಟೈಪಿಂಗ್ ವ್ಯವಸ್ಥೆ) ಜೊತೆ ಕೀಲಿಮಣೆ ವಿನ್ಯಾಸಗಳ ಕಟ್ಟಾದ ಎಂ17ಎನ್ ಹಾಕಿ 'ಕೆಜಿಪಿ' ವಿನ್ಯಾಸ ಆರಿಸಿ, ನುಡಿಯ ಕೀಲಿಮಣೆಗೆ ಒಗ್ಗಿದ ಬೆರಳಿಗೆ ಕಷ್ಟವಾಗದು. ಕೀಬೋರ್ಡ್ ಸೆಟ್ಟಿಂಗ್‌ನಲ್ಲೇ ಸಿಗುವ ಕಗಪ ವಿನ್ಯಾಸವೂ ಇದೆ, ಏನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ಆದರೆ ಅದರಲ್ಲಿ ಕೀಲಿಗೆ ಇಂತಿಷ್ಟೇ ಅಕ್ಷರ ಎಂದು ಕಟ್ಟಿಹಾಕಿರುತ್ತದೆ. ವ್ಯಂಜನದ ಪಕ್ಕ ಸ್ವರ ಬಂದಾಗ ಕಾಗುಣಿತವಾಗಬೇಕೆಂದು ಅದು ಅರಿಯದು. ದಿನವಿಡೀ ಬರೆಯುವವರಿಗೆ ನಾನು ಐಬಸ್ಸನ್ನೇ ಹೇಳುತ್ತೇನೆ. ಸೇರಿಸಿದ ಮೇಲೆ ಒಮ್ಮೆ ಲಾಗೌಟ್ ಆಗಿ ಬನ್ನಿ, ಇಲ್ಲದಿದ್ದರೆ ಕೆಲವು ಅಪ್ಲಿಕೇಶನ್‌ಗಳಲ್ಲಿ ಕನ್ನಡ ಮೂಡುವುದಿಲ್ಲ.

ಖಾಲಿಕೇಸು:

ಎಲ್ಲರಿಗೂ ಧನ್ಯವಾದ. ಹೊರಗೇ ಚಾಲೂ ಆಯಿತು, 32 ಜಿಬಿ ಕಾಣುತ್ತಿದೆ. 4800ರಲ್ಲಿ ಮೆಮ್‌ಟೆಸ್ಟ್ ಪಾಸು, ಎಕ್ಸ್‌ಪೋ 6000 ಹಾಕಿದರೆ ಎರಡನೇ ಸುತ್ತಿನಲ್ಲಿ ತಪ್ಪುಗಳು. ಕಡ್ಡಿ ಕೆಟ್ಟಿದೆಯೇ?

ತಿರುಪುಳಿ:

ಹಾಗೆಂದು ಈಗಲೇ ಹೇಳಲಾಗದು. ಎರಡು ಕಡ್ಡಿಗೆ 8600ಜಿ ಅಧಿಕೃತವಾಗಿ ಒಪ್ಪುವುದು 5200ರವರೆಗೆ. ಅದರ ಮೇಲಿನದೆಲ್ಲ ಓವರ್‌ಕ್ಲಾಕ್. ಮೊದಲು ಬಯೋಸ್ ಅಪ್‌ಡೇಟ್ ಮಾಡಿ, ಹೊಸ ಆವೃತ್ತಿಗಳಲ್ಲಿ ರ‍್ಯಾಮ್ ಹೊಂದಾಣಿಕೆ ಸುಧಾರಿಸಿರುತ್ತದೆ. ಅಪ್‌ಡೇಟ್ ಆದಮೇಲೆ ಎಲ್ಲ ಸೆಟ್ಟಿಂಗ್ ಮೊದಲಿನಂತಾಗುತ್ತದೆ, ಎಕ್ಸ್‌ಪೋ ಮತ್ತೆ ಆನ್ ಮಾಡಿ. ಪರದೆ ಮತ್ತೊಮ್ಮೆ ಸ್ವಲ್ಪ ಹೊತ್ತು ಕಪ್ಪಾಗಿರುತ್ತದೆ. ಆಗಲೂ ತಪ್ಪು ಬಂದರೆ ಒಂದೊಂದೇ ಕಡ್ಡಿಯನ್ನು ಎರಡನೇ ಸ್ಲಾಟಿನಲ್ಲಿ ಹಾಕಿ 6000ದಲ್ಲೇ ಪರೀಕ್ಷಿಸಿ. ಒಂದು ಮಾತ್ರ ಸೋತರೆ ಜೋಡಿಯನ್ನೇ ವಾರಂಟಿಗೆ ಕಳಿಸಿ, ಒಂಟಿಯಾಗಿ ಬದಲಿ ತಂದು ಬೆರೆಸಬೇಡಿ. ಎರಡೂ ಒಂಟಿಯಾಗಿ ಗೆದ್ದು ಜೊತೆಯಲ್ಲಿ ಸೋತರೆ ಎಕ್ಸ್‌ಪೋ ಹಾಗೇ ಇಟ್ಟು ವೇಗ ಮಾತ್ರ 5600ಕ್ಕೆ ಇಳಿಸಿ ರಾತ್ರಿಯಿಡೀ ಓಡಿಸಿ. ನೀವು ಹೇಳಿದ ಕೆಲಸಗಳಲ್ಲಿ ಆ ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ.