ಹಿಂಗಾಲು ತೆಗೆದ ಬೆಕ್ಕು: ಉಸುಕಿನ ತೊಟ್ಟಿಗೆ ಇಳಿಯುತ್ತಿಲ್ಲ, ರಾತ್ರಿ ಬೆಚ್ಚಿ ಏಳುತ್ತದೆ

ಮಾಳಮಡ್ಡಿ ಮನೆ:
ಧಾರವಾಡದಿಂದ ಬರೆಯುತ್ತಿದ್ದೇನೆ. ನಮ್ಮ ಗುಂಡ ಗಂಡು ಬೆಕ್ಕು, ಮೂರು ವರ್ಷದವನು, ಸಂತಾನಹರಣ ಚಿಕಿತ್ಸೆ ಆಗಿದೆ. ಬೈಕಿನ ಗಾಲಿಗೆ ಸಿಕ್ಕು ಬಲ ಹಿಂಗಾಲಿನ ಎಲುಬು ಪುಡಿಯಾಗಿತ್ತು. ಹುಬ್ಬಳ್ಳಿಯಲ್ಲಿ ತೊಡೆಯ ಮೇಲ್ಭಾಗದಿಂದಲೇ ಕಾಲು ತೆಗೆದರು. ಇಂದಿಗೆ ಐದನೆಯ ದಿನ. ಹೊಲಿಗೆ ಚೆನ್ನಾಗಿದೆ, ಕೀವಿಲ್ಲ, ವಾಸನೆಯಿಲ್ಲ. ತೊಂದರೆ ಬೇರೆಯೇ ಇದೆ. ಉಸುಕಿನ ತೊಟ್ಟಿಯ ತನಕ ಹೋಗಿ, ಮೂಸಿ, ಹಿಂದಿರುಗಿ ಕೌದಿಯ ಮೇಲೆ ಉಚ್ಚೆ ಹೊಯ್ಯುತ್ತಾನೆ. ನಿನ್ನೆಯಿಂದ ಊಟ ಅರ್ಧಕ್ಕೆ ಇಳಿದಿದೆ. ರಾತ್ರಿ ಗಾಢವಾಗಿ ಮಲಗಿದ್ದವನು ಥಟ್ಟನೆ ಎದ್ದು, ಕಾಲಿಲ್ಲದ ಕಡೆಗೆ ತಿರುಗಿ ಕಚ್ಚಲು ಹೋಗಿ, ಮಂಚದ ಕೆಳಗೆ ನುಗ್ಗುತ್ತಾನೆ. ಕಾಲು ಹೋದ ದುಃಖಕ್ಕೆ ಹೀಗಾಡುತ್ತಾನೆ ಎಂದು ಅತ್ತೆಯವರು ಹೇಳುತ್ತಾರೆ. ನೋವಿನ ಔಷಧ ಮೂರು ದಿನಕ್ಕೆ ಕೊಟ್ಟಿದ್ದರು, ಮುಗಿದಿದೆ. ಯಾರಾದರೂ ಇಂತಹದನ್ನು ನೋಡಿದ್ದೀರಾ?

ಉಣಕಲ್ ಕೆರೆ:
ನೋವು ಇರಬೇಕು ಅಕ್ಕಾವರೇ. ಜ್ವರದ ಮಾತ್ರೆ ಮನೆಯಲ್ಲಿ ಇದ್ದೇ ಇರುತ್ತದಲ್ಲ, ಕಾಲು ಭಾಗ ಪುಡಿ ಮಾಡಿ ಹಾಲಿನಲ್ಲಿ ಕೊಡಿ. ಹೊಲಿಗೆಗೆ ಅರಿಶಿನ-ಎಣ್ಣೆ ಹಚ್ಚಿ. ತಪ್ಪು ತಿಳಿಯಬೇಡಿ, ಮೂರು ಕಾಲಿನ ಮೇಲೆ ಇಡೀ ಆಯುಷ್ಯ ಕಳೆಯುವುದು ಅದಕ್ಕೂ ಹಿಂಸೆಯಲ್ಲವೇ?

ಹಾವೇರಿ ಏಲಕ್ಕಿ:
ಅಣ್ಣಾವರೇ, ಆ ಮಾತ್ರೆಯ ಮಾತನ್ನು ಮೊದಲು ಹಿಂದಕ್ಕೆ ತೆಗೆದುಕೊಳ್ಳಿ. ಜ್ವರದ ಮಾತ್ರೆ ಎಂದರೆ ಪ್ಯಾರಾಸಿಟಮಾಲ್, ಅದು ಬೆಕ್ಕಿಗೆ ವಿಷ. ನಮ್ಮ ಯಕೃತ್ತು ಅದನ್ನು ಕರಗಿಸಿ ಹೊರಹಾಕುವ ದಾರಿ ಬೆಕ್ಕಿನ ಯಕೃತ್ತಿನಲ್ಲಿ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ರಕ್ತಕ್ಕೆ ಆಮ್ಲಜನಕ ಹೊರುವ ಶಕ್ತಿ ಹೋಗುತ್ತದೆ, ಒಸಡು ಕಂದು ಬಣ್ಣಕ್ಕೆ ತಿರುಗುತ್ತದೆ, ಮುಖ ಮತ್ತು ಪಾದಗಳು ಊದುತ್ತವೆ. ಅರ್ಧ ಮಾತ್ರೆಗೇ ಪ್ರಾಣ ಹೋಗಬಹುದು. ಐಬುಪ್ರೊಫೆನ್, ಡಿಕ್ಲೊಫೆನಾಕ್ ಕೂಡ ಮನುಷ್ಯರ ಡಬ್ಬಿಯಲ್ಲೇ ಇರಲಿ. ಅರಿಶಿನವೂ ಬೇಡ, ಡೆಟಾಲ್ ಅಂತೂ ಬೇಡವೇ ಬೇಡ. ಹೊಲಿಗೆಗೆ ಹಚ್ಚಿದ್ದೆಲ್ಲ ಬೆಕ್ಕಿನ ಹೊಟ್ಟೆಗೇ ಹೋಗುವುದು.

ಹಿಂಸೆಯ ಪ್ರಶ್ನೆಗೆ ಬರೋಣ. ನಮ್ಮ ಮನೆಯಲ್ಲಿ ಮುಂಗಾಲು ಇಲ್ಲದ ಹೆಣ್ಣು ಬೆಕ್ಕು ಇದೆ, ಅಡುಗೆಮನೆಯ ಕಟ್ಟೆ ಹತ್ತಿ ಮೀನು ಕದಿಯುತ್ತದೆ. ಹಿಂಸೆ ಪಡುವವರು ನಾವು.

ಮಾಳಮಡ್ಡಿಯವರೇ, ಅತ್ತೆಯವರ ಮಾತನ್ನು ಪಕ್ಕಕ್ಕಿಟ್ಟು ಇಷ್ಟು ಹೇಳಿ. ನೆಲ ಎಂತಹದು? ತೊಟ್ಟಿಯ ಅಂಚು ಎಷ್ಟು ಎತ್ತರ? ಹೊಲಿಗೆ ನೆಕ್ಕದಂತೆ ಕುತ್ತಿಗೆಗೆ ಹಾಕುವ ಲಾಳಿಕೆಯಾಕಾರದ ಕಾಲರ್ ಇದೆಯೇ? ಉಚ್ಚೆ ಧಾರಾಳವಾಗಿ ಬರುತ್ತಿದೆಯೋ, ತಿಣುಕಿ ಹನಿ ಹನಿಯೋ? ಗಂಡು ಬೆಕ್ಕು ಮತ್ತೆ ಮತ್ತೆ ಕುಳಿತು ತಿಣುಕಿಯೂ ಉಚ್ಚೆ ಬಾರದಿದ್ದರೆ ಮೂತ್ರನಾಳ ಕಟ್ಟಿರಬಹುದು. ಹಾಗಿದ್ದರೆ ನನ್ನ ಉತ್ತರ ಕಾಯದೆ ಈಗಲೇ ಹೊರಡಿ.

ಮಾಳಮಡ್ಡಿ ಮನೆ:
ಉಚ್ಚೆ ಧಾರಾಳವಾಗಿದೆ, ಕೌದಿಯೇ ಸಾಕ್ಷಿ. ನಮ್ಮದು ಹಳೆಯ ಮನೆ, ನೆಲಕ್ಕೆ ಶಹಾಬಾದ್ ಕಲ್ಲು, ತುಳಿದು ತುಳಿದು ನುಣುಪಾಗಿದೆ. ತೊಟ್ಟಿ ಎಂದರೆ ಬಟ್ಟೆ ನೆನೆಸುವ ಪ್ಲಾಸ್ಟಿಕ್ ಬುಟ್ಟಿ, ಅಂಚು ಒಂದು ಗೇಣು. ಮೊದಲು ಅದರೊಳಗೇ ಹಾರುತ್ತಿದ್ದ. ಕಾಲರ್ ಇದೆ. ಈಗ ನಿಮ್ಮ ಪ್ರಶ್ನೆ ಓದಿ ಹಿಂದೆ ನಿಂತು ನೋಡಿದೆ: ಮುಂಗಾಲು ಎತ್ತಿ ಅಂಚಿಗೆ ಇಟ್ಟ ಕೂಡಲೇ ಕಾಲರ್ ಬುಟ್ಟಿಗೆ ಬಡಿಯಿತು. ಅಷ್ಟರಲ್ಲಿ ಉಳಿದ ಎಡ ಹಿಂಗಾಲು ಕಲ್ಲಿನ ಮೇಲೆ ಹೊರಕ್ಕೆ ಜಾರಿತು, ಬಲಕ್ಕೆ ವಾಲಿ ಹೊಲಿಗೆಯ ಮೇಲೆಯೇ ಕುಕ್ಕರಿಸಿದ.

ಹಾವೇರಿ ಏಲಕ್ಕಿ:
ನೋಡಿ, ಅರ್ಧ ದುಃಖ ಅಲ್ಲಿಯೇ ಇದೆ. ಗಾಯದ ಮೇಲೆ ಬೀಳಿಸುವ ಜಾಗಕ್ಕೆ ಯಾವ ಬೆಕ್ಕು ತಾನೇ ಹೋಗುತ್ತದೆ? ಕೌದಿ ಮೆತ್ತಗಿದೆ, ಜಾರುವುದಿಲ್ಲ, ಅದಕ್ಕೆ ಅಲ್ಲಿ ಹೊಯ್ಯುತ್ತಾನೆ. ಬಯ್ಯಬೇಡಿ.

ಒಂದೇ ಸಣ್ಣ ಕೋಣೆಯಲ್ಲಿಡಿ. ಮಂಚ, ಕುರ್ಚಿ, ಟ್ರಂಕು, ಹತ್ತಲು ಬರುವುದೆಲ್ಲ ಹೊರಗೆ. ಅವನು ಓಡಾಡುವ ದಾರಿಗೆಲ್ಲ ಜಮಖಾನೆ ಹಾಸಿ. ನವಲಗುಂದದ ದಪ್ಪ ಜಮಖಾನೆ ಮನೆಯಲ್ಲಿದ್ದರೆ ಬಹಳ ಒಳ್ಳೆಯದು. ಅದನ್ನು ಬೆಕ್ಕಿಗೆ ಹಾಸಿದರೆ ಅತ್ತೆಯವರು ಏನೆನ್ನುತ್ತಾರೋ ನಾನರಿಯೆ. ಇಲ್ಲವಾದರೆ ಗೋಣಿ ತಟ್ಟು ಅಥವಾ ಯೋಗದ ಚಾಪೆ. ತೆಳ್ಳನೆಯ ಸೀರೆ, ಚಾದರ ಬೇಡ, ಕಲ್ಲಿನ ಮೇಲೆ ಅವೇ ಜಾರುತ್ತವೆ.

ಆ ಬುಟ್ಟಿಯ ಒಂದು ಬದಿಯನ್ನು ಎರಡು ಬೆರಳಿನ ಎತ್ತರಕ್ಕೆ ಕತ್ತರಿಸಿ, ಕತ್ತರಿಸಿದ ಅಂಚಿಗೆ ಟೇಪ್ ಸುತ್ತಿ. ಹೊಲಿಗೆ ತೆಗೆಯುವ ತನಕ ಉಸುಕು ಬೇಡ, ಹರಿದ ದಿನಪತ್ರಿಕೆ ಹಾಕಿ. ಉಸುಕಿನ ಕಣ ಹೊಲಿಗೆಗೆ ಅಂಟುತ್ತದೆ. ಅವನು ಒಳಗೆ ಕುಳಿತಾಗ ಬಲಗಡೆ ಗೋಡೆ ಬರುವಂತೆ ಇಡಿ. ಬೀಳುವುದು ಬಲಕ್ಕೇ ಆದ್ದರಿಂದ ಗೋಡೆಗೆ ಒರಗಿಕೊಳ್ಳುತ್ತಾನೆ. ಉಚ್ಚೆಯಾದ ಕಾಗದದ ಒಂದು ಚೂರನ್ನು ಅದರಲ್ಲೇ ಬಿಡಿ, ಜಾಗದ ಗುರುತು ಸಿಗುತ್ತದೆ.

ಕಾಲರ್ ತೆಗೆಯಬೇಕು ಅನ್ನಿಸುತ್ತದೆ, ತೆಗೆಯಬೇಡಿ. ಬೆಕ್ಕಿನ ನಾಲಿಗೆಯ ಮುಳ್ಳು ಹೊಲಿಗೆ ಬಿಚ್ಚಲು ಒಂದು ರಾತ್ರಿ ಸಾಕು.

ಬೆಟಗೇರಿ ಮಗ್ಗ:
ಉಳಿದರ್ಧದ ಬಗ್ಗೆ ನಾನು ಹೇಳುತ್ತೇನೆ. ಥಟ್ಟನೆ ಎದ್ದು ಇಲ್ಲದ ಕಾಲಿನ ಕಡೆ ಕಚ್ಚಲು ಹೋಗುವುದು ನೋವಿನ ಲಕ್ಷಣ. ಕಾಲು ತೆಗೆಯುವಾಗ ದೊಡ್ಡ ನರಗಳನ್ನೇ ಕತ್ತರಿಸುತ್ತಾರೆ. ಕತ್ತರಿಸಿದ ನರದ ತುದಿ ಕೆಲವು ಕಾಲ ಮಿದುಳಿಗೆ ಸುಳ್ಳು ಸುದ್ದಿ ಕಳಿಸುತ್ತಲೇ ಇರುತ್ತದೆ. ಕಾಲು ಕಳೆದುಕೊಂಡ ಮನುಷ್ಯರು ಇಲ್ಲದ ಪಾದ ಉರಿಯುತ್ತದೆ ಎನ್ನುವುದೂ ಇದನ್ನೇ. ಇದಕ್ಕೆ ಪಶುವೈದ್ಯರು ಸಾಮಾನ್ಯವಾಗಿ ಗ್ಯಾಬಾಪೆಂಟಿನ್ ಬರೆಯುತ್ತಾರೆ, ಊತದ ನೋವಿಗೆ ಮೆಲಾಕ್ಸಿಕಾಮ್ ಹನಿ. ಪ್ರಮಾಣ ತೂಕದ ಮೇಲೆ ನಿಲ್ಲುತ್ತದೆ, ಮೆಲಾಕ್ಸಿಕಾಮ್ ಹೆಚ್ಚಾದರೆ ಮೂತ್ರಪಿಂಡ ಕೆಡುತ್ತದೆ, ಆದ್ದರಿಂದ ಔಷಧದಂಗಡಿಯಲ್ಲಿ ಕೇಳಿ ತಂದು ಕೊಡುವ ವಸ್ತು ಅದಲ್ಲ. ಔಷಧ ಮುಗಿದ ಮೇಲೆಯೇ ಊಟ ಕಡಿಮೆಯಾಯಿತು ಎಂದು ನೀವೇ ಬರೆದಿದ್ದೀರಿ. ಇವತ್ತೇ ಡಾಕ್ಟರಿಗೆ ಫೋನ್ ಮಾಡಿ. ಬೆಚ್ಚಿ ಏಳುವುದನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ ಕಳಿಸಿ. ಬಾಯಿಮಾತಿಗೆ "ಸರಿಹೋಗುತ್ತದೆ ಬಿಡಿ" ಎನ್ನುವವರೂ ವಿಡಿಯೊ ನೋಡಿದರೆ ಚೀಟಿ ಬರೆಯುತ್ತಾರೆ.

ಊಟದ ವಿಷಯದಲ್ಲಿ ಸಡಿಲ ಬಿಡಬೇಡಿ. ಬೆಕ್ಕು ಎರಡು ಮೂರು ದಿನ ಉಪವಾಸ ಬಿದ್ದರೆ ಮೈಯ ಕೊಬ್ಬು ಯಕೃತ್ತಿಗೆ ನುಗ್ಗಿ ಅದನ್ನೇ ಕೆಡಿಸುತ್ತದೆ, ದಪ್ಪ ಬೆಕ್ಕಿಗೆ ಇನ್ನೂ ಬೇಗ. ಪೂರ್ತಿ ಒಂದು ದಿನ ಏನೂ ಮುಟ್ಟದಿದ್ದರೆ ಕಾಯದೆ ಆಸ್ಪತ್ರೆಗೆ ಒಯ್ಯಿರಿ. ಕೋಳಿಯನ್ನು ಬರಿ ನೀರಿನಲ್ಲಿ ಬೇಯಿಸಿ ಉಗುರು ಬೆಚ್ಚಗೆ ಕೊಡಿ, ವಾಸನೆಗೆ ಎದ್ದು ಬರುತ್ತಾನೆ. ಉಳ್ಳಾಗಡ್ಡಿ, ಬಳ್ಳೊಳ್ಳಿ ಸೋಕಿದ ಸಾರು ಬೇಡ, ಅದೂ ಬೆಕ್ಕಿನ ರಕ್ತಕ್ಕೆ ವಿಷವೇ. ಆಳವಾದ ಬಟ್ಟಲಿಗೆ ಕಾಲರ್ ಅಡ್ಡ ಬರುತ್ತದೆ. ಸಣ್ಣ ತಟ್ಟೆಯನ್ನು ಮಣೆಯ ಮೇಲಿಡಿ.

ಉಣಕಲ್ ಕೆರೆ:
ಮಾತ್ರೆಯ ವಿಷಯ ನನಗೆ ತಿಳಿದಿರಲಿಲ್ಲ, ಯಾರೂ ಕೊಡಬೇಡಿ. ಒಂದು ಸಂಶಯ: ಹೊಲಿಗೆಯ ಸುತ್ತ ನೇರಳೆ ಬಣ್ಣ ಬಂದರೆ ಹುಣ್ಣು ಕೆಟ್ಟಿತು ಎಂದು ಅರ್ಥವೇ?

ಬೆಟಗೇರಿ ಮಗ್ಗ:
ಮೊದಲ ವಾರ ನೇರಳೆ, ಆಮೇಲೆ ಹಳದಿ, ಅದು ಕಂದಿದ ಬಣ್ಣ ಅಷ್ಟೇ. ಮೆತ್ತನೆಯ ಸಣ್ಣ ಬಾವೂ ಇರಬಹುದು. ಬಿಸಿ, ಕೆಟ್ಟ ವಾಸನೆ, ಹೊಲಿಗೆಗಳ ನಡುವೆ ಬಾಯಿ ಬಿಟ್ಟ ಚರ್ಮ, ದಿನದಿನಕ್ಕೆ ಬೆಳೆಯುವ ಬಾವು, ಇವು ಕಂಡರೆ ಓಡಿ. ಬೆಕ್ಕಿನ ಮೈ ನಮ್ಮದಕ್ಕಿಂತ ಬಿಸಿ, 102 ಡಿಗ್ರಿ ಫ್ಯಾರನ್‌ಹೀಟ್ ಅದಕ್ಕೆ ಜ್ವರವಲ್ಲ.

ಮಾಳಮಡ್ಡಿ ಮನೆ:
ಡಾಕ್ಟರು ವಿಡಿಯೊ ನೋಡಿ ಗ್ಯಾಬಾಪೆಂಟಿನ್ ಬರೆದರು, ತೂಕ ಕೇಳಿಯೇ ಪ್ರಮಾಣ ಹೇಳಿದರು. ಮೊದಲ ಗುಟುಕಿಗೆ ತೂರಾಡುತ್ತ ನಡೆದ, ಅದು ಔಷಧದ ಗುಣ ಎಂದರು. ರಾತ್ರಿ ಬೆಚ್ಚಿ ಏಳುವುದು ಕಡಿಮೆಯಾಗಿದೆ, ನಿಂತಿಲ್ಲ. ಕೋಳಿ ತಿನ್ನುತ್ತಿದ್ದಾನೆ. ಕತ್ತರಿಸಿದ ಬುಟ್ಟಿಗೆ ಬಲಗಡೆ ಗೋಡೆ ಸಿಕ್ಕ ಮೇಲೆ ಒರಗಿ ಕುಳಿತು ಕೆಲಸ ಮುಗಿಸುತ್ತಾನೆ, ಆದರೂ ಒಮ್ಮೊಮ್ಮೆ ಕೌದಿಯ ನೆನಪಾಗುತ್ತದೆ ಅವನಿಗೆ. ಜಮಖಾನೆ ಸಿಗಲಿಲ್ಲ, ಗೋಣಿ ತಟ್ಟೇ ಗತಿ. ಹೊಸದೊಂದು ಪ್ರಶ್ನೆ: ಬಲಗಿವಿಯನ್ನು ಆಗಾಗ ಕೆಳಗೆ ವಾಲಿಸುತ್ತಾನೆ, ಆಗ ತೆಗೆದ ಕಾಲಿನ ಬುಡ ಮಾತ್ರ ಗಡಗಡ ಅಲುಗುತ್ತದೆ. ಇದೂ ನರದ ನೋವೇ?

ಹಾವೇರಿ ಏಲಕ್ಕಿ:
ಅಲ್ಲ, ಅವನು ಕಿವಿ ತುರಿಸಿಕೊಳ್ಳುತ್ತಿದ್ದಾನೆ! ಬಲಗಿವಿಗೆ ಬಲ ಹಿಂಗಾಲೇ ಬೇಕು, ಅದು ಇಲ್ಲ. ಇನ್ನು ಮುಂದೆ ಆ ಕಿವಿ ನಿಮ್ಮ ಪಾಲಿನ ಕೆಲಸ. ಕಾಲರ್ ಒಳಗೆ ಬೆರಳು ಹಾಕಿ ಕಿವಿಯ ಬುಡವನ್ನು ದಿನಕ್ಕೆ ಎರಡು ಮೂರು ಸಲ ತುರಿಸಿ. ಒಳಗೆ ಕಾಫಿಪುಡಿಯಂತಹ ಕಪ್ಪು ಕೊಳೆ ಕಂಡರೆ ಕಿವಿಯ ನುಸಿ ಇರಬಹುದು, ಹೊಲಿಗೆ ತೆಗೆಸಲು ಹೋದಾಗಲೇ ತೋರಿಸಿ. ಸಾಮಾನ್ಯವಾಗಿ 10ರಿಂದ 14 ದಿನಕ್ಕೆ ತೆಗೆಯುತ್ತಾರೆ. ಅಲ್ಲಿಯ ತನಕ ಕಿವಿಗೆ ಎಣ್ಣೆ ಬಿಡಬೇಡಿ, ಅತ್ತೆಯವರು ಎಷ್ಟೇ ಹೇಳಿದರೂ.